ಬರುವ ಜಾತ್ರೆಯ ಜೋಡಿ

ಕುಸ್ತಿಯ ಹಸ್ತಪತ್ರಿಕೆಯ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ‘ಜಂಗೀ ನಿಕಾಲಿ ಕುಸ್ತಿಗಳು’ ಎಂಬ ಮಾತನ್ನು ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯಲ್ಲಿ ಅಕ್ಷರವನ್ನರಿಯದವನೂ ಅದರ ಆಕಾರದಿಂದಲೇ ಗುರುತಿಸಬಲ್ಲನು. ಜಂಗೆಂಬುದು ಪಾರಸಿಯಿಂದ ಬಂದ ಯುದ್ಧವಾಚಕ ಶಬ್ದ. ನಿಕಾಲವೆಂಬುದು ಮರಾಠಿಯ ಹಾದಿಯಿಂದ ನಮ್ಮಲ್ಲಿಗಿಳಿದ, ತೀರ್ಪು ಎಂಬರ್ಥದ ಮಾತು. ಒಬ್ಬನ ಬೆನ್ನಿಗೆ ಮಣ್ಣು ಹತ್ತಿದ ಹೊರತು ಕುಸ್ತಿ ಮುಗಿಯಲಾರದೆಂಬ ಪ್ರತಿಜ್ಞೆ ಆ ಪದಗಳಲ್ಲಿ ಅಡಗಿದೆ. ಆದರೆ ಈ ಸೀಮೆಯ ಮಲ್ಲವಿದ್ಯೆಯ ಗತಕಾಲವನ್ನು ಆಲೋಚಿಸುವಾಗಲೆಲ್ಲ ನನಗೆ ತೋರುವುದೇನೆಂದರೆ, ಜನರು ಬಹುಕಾಲ ನೆನಪಿನಲ್ಲಿ ಇಟ್ಟುಕೊಂಡು ಕಟ್ಟೆಯ ಮೇಲೆ ಮೆಲುಕು ಹಾಕಿದುದು ನಿಕಾಲಿಯಾದ ಕುಸ್ತಿಗಳನ್ನಲ್ಲ. ಹೊತ್ತು ಮುಳುಗಿದ ಕಾರಣ ಪಂಚರು ನಡುವೆ ಬಂದು ಬಿಡಿಸಿದ, ಇಬ್ಬರೂ ಬೆನ್ನು ಕೊಡದೆ ಹೊರಬಂದ, ‘ಸಮಸಮ’ವೆನಿಸಿಕೊಂಡ ಕುಸ್ತಿಗಳನ್ನು.

ಅಷ್ಟು ದೂರದಿಂದ ಆರಂಭಿಸುವುದು ಅತಿಯಾಯಿತೆಂದು ವಾಚಕರು ಎಣಿಸದಿದ್ದರೆ, ರೋಣದ ಸಮೀಪದ ಸೂಡಿಯಿಂದ ಹೊರಡೋಣ. ಇಂದು ಜೋಡುಕಳಸದ ಗುಡಿಯನ್ನೂ ನಾಗಕುಂಡವನ್ನೂ ನೋಡಬಂದವರ ಹೊರತು ಹೊರಗಿನವರು ಅಷ್ಟಾಗಿ ಅರಿಯದ ಆ ಗ್ರಾಮವು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಕಿಸುಕಾಡು ಎಪ್ಪತ್ತರ ಮುಖ್ಯ ಪಟ್ಟಣವಾಗಿ, ರಣಭೈರವಿಯೆನಿಸಿದ ಅಕ್ಕಾದೇವಿಯ ಆಳ್ವಿಕೆಯನ್ನು ಕಂಡಿತ್ತು. ಅದೇ ರಾಜವಂಶದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ, ಅರಸನಾದವನ ವಿನೋದಗಳನ್ನು ಎಣಿಸುತ್ತ ಹೋಗಿ, ಮಲ್ಲವಿನೋದಕ್ಕೆ ಪ್ರತ್ಯೇಕವಾದ ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಮಲ್ಲರಲ್ಲಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಎಂಬ ತರತಮಗಳು; ಅವರ ಸಾಧನೆಯಲ್ಲಿ ಭಾರವನ್ನೆತ್ತುವ ಭಾರಶ್ರಮ, ನಡಿಗೆಯ ಭ್ರಮಣಶ್ರಮ, ಈಜಿನ ಸಲಿಲಶ್ರಮ, ಕಂಬವನ್ನಡರುವ ಸ್ತಂಭಶ್ರಮ; ಅವರ ಆಹಾರದಲ್ಲಿ ಉದ್ದು, ಮಾಂಸ, ಹಾಲು, ತುಪ್ಪ. ಸುಮಾರು ಒಂಬೈನೂರು ವರ್ಷಗಳ ಹಿಂದಿನ ಈ ಪಟ್ಟಿಯನ್ನು ನಮ್ಮ ಗರಡಿಯ ವಸ್ತಾದನ ಮುಂದೆ ಓದಿದರೆ ಅವನಿಗೆ ಅಪರಿಚಿತವೆನಿಸುವುದು ಅದರ ಸಂಸ್ಕೃತವೊಂದೇ. ಕನ್ನಡದ ಜಟ್ಟಿಗೆ ಆ ಜ್ಯೇಷ್ಠಿಕನೇ ಮೂಲಪುರುಷನೆಂದು ಪಂಡಿತರು ಹೇಳುವುದೂ ಉಂಟು.

ವಿಜಯನಗರದ ಮಾತನ್ನು ಬೇಗನೆ ಮುಗಿಸುತ್ತೇನೆ. ಪೋರ್ಚುಗೀಸನಾದ ಡೊಮಿಂಗೊ ಪಾಯೆಸನು ಕೃಷ್ಣದೇವರಾಯನ ದಿನಚರಿಯನ್ನು ವರ್ಣಿಸುತ್ತ, ಬೆಳಗು ಹರಿಯುವ ಮುನ್ನವೇ ಎದ್ದು, ಎಳ್ಳೆಣ್ಣೆಯನ್ನು ಕುಡಿದು, ಮೈಗೆಲ್ಲ ಎಣ್ಣೆ ಹಚ್ಚಿಸಿಕೊಂಡು, ಭಾರವನ್ನೆತ್ತಿ, ಖಡ್ಗಾಭ್ಯಾಸ ಮಾಡಿ, ತನ್ನ ಮಲ್ಲರಲ್ಲೊಬ್ಬನೊಡನೆ ಸೆಣಸುತ್ತಿದ್ದನೆಂದು ಬರೆದಿಟ್ಟಿದ್ದಾನೆ. ಆ ಮಲ್ಲನು ಎಷ್ಟು ಬಾರಿ ಬೇಕೆಂದೇ ಸೋತನೋ ಪಾಯೆಸನು ಹೇಳಿಲ್ಲ.

ಮರಾಠರ ಮತ್ತು ಮೈಸೂರಿನ ಸೈನ್ಯಗಳು ಒಂದರ ಬೆನ್ನಿಗೊಂದು ತುಳಿದುಹೋದ ಹದಿನೆಂಟನೆಯ ಶತಮಾನದಲ್ಲಿ ಈ ಸೀಮೆಯು ಕೋಟೆಗಳ ಸೀಮೆಯಾಯಿತು. ಸಮತಟ್ಟಾದ ಎರೆಯ ಬಯಲಿನ ನಡುವೆ ಒಮ್ಮೆಲೇ ತಲೆಯೆತ್ತಿ ನಿಂತ ನರಗುಂದದ ಗುಡ್ಡವನ್ನು ಟೀಪುವಿನ ದಂಡು 1785ರಲ್ಲಿ ಭಾವೆಯವರ ಮನೆತನದಿಂದ ಕಸಿದುಕೊಂಡಿತು. ಘೋರ್ಪಡೆಯವರ ಹೆಸರಿನೊಡನೆ ಬೆಸೆದುಕೊಂಡ ಗಜೇಂದ್ರಗಡದಲ್ಲಿ ಪೇಶ್ವೆ, ನಿಜಾಮ, ಟೀಪು ಇವರೊಳಗೆ 1787ರಲ್ಲಿ ಸಂಧಾನವಾಯಿತು. ಸಂಧಾನದ ಕಾಗದಗಳು ಯಾವ ದಫ್ತರವನ್ನು ಸೇರಿದರೂ ಆ ದಂಡಿನವರ ಮಾತುಗಳು ಇಲ್ಲಿಯೇ ಉಳಿದವು. ಶಿಕ್ಷಣವೆಂಬರ್ಥದ ಅರಬ್ಬಿಯ ತಾಲೀಮು, ಗುರುವೆಂಬರ್ಥದ ಪಾರಸಿಯ ಉಸ್ತಾದನು ನಮ್ಮ ಬಾಯಲ್ಲಿ ವಸ್ತಾದನಾದುದು, ಬಲಿಷ್ಠನೆಂಬರ್ಥದ ಪೈಲವಾನ, ಎಲ್ಲವೂ ಹನುಮಪ್ಪನ ಮೂರ್ತಿಯ ಮುಂದೆಯೇ ನೆಲೆಗೊಂಡು, ಯಾರಿಗೂ ಪರಕೀಯವೆನಿಸದೆ ಹೋದವು. ಗರಡಿಯೊಳಗೆ ಲಂಗೋಟಿಯ ಹೊರತು ಬೇರೆ ಜಾತಿಯ ಗುರುತಿರಲಿಲ್ಲವೆಂದು ಹಿರಿಯರು ಹೇಳುವುದರಲ್ಲಿ ಅಭಿಮಾನದ ಅತಿಶಯೋಕ್ತಿ ಕೊಂಚ ಇದ್ದೀತು. ಆದರೆ ಹನುಮಪ್ಪನಿಗೆ ಊದುಬತ್ತಿ ಬೆಳಗಿ ಮಣ್ಣಿಗಿಳಿಯುವ ಮುಸಲ್ಮಾನ ಪೈಲವಾನನು ಈ ಭಾಗದಲ್ಲಿ ಎಂದೂ ಸೋಜಿಗದ ವಸ್ತುವಾಗಿರಲಿಲ್ಲ.

ಕೋಟೆಗಳ ಕಾಲ ಮುಗಿದುದು 1858ರಲ್ಲಿ. ದತ್ತಕವನ್ನು ಒಪ್ಪದ, ಆಯುಧಗಳನ್ನು ಒಪ್ಪಿಸೆಂದು ಒತ್ತಾಯಿಸಿದ ಕಂಪನಿ ಸರಕಾರದ ಮೇಲೆ ನರಗುಂದದ ಬಾಬಾಸಾಹೇಬ ಭಾವೆಯು ಬಂಡೆದ್ದು, ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜಂಟನಾದ ಮ್ಯಾನ್ಸನ್ನನನ್ನು ಕೊಲ್ಲಿಸಿದನು. ನರಗುಂದವು ಕೆಲವೇ ದಿನಗಳಲ್ಲಿ ಬಿದ್ದಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲಾಯಿತು. ಹಲಗಲಿಯ ಬೇಡರು ಅದಕ್ಕೂ ಕೆಲವು ತಿಂಗಳ ಮೊದಲೇ ಇದೇ ಆಯುಧದ ಕಾಯಿದೆಗಾಗಿ ಪ್ರಾಣ ತೆತ್ತಿದ್ದರು. ಮನೆಯ ಅಟ್ಟದ ಮೇಲಿನ ಖಡ್ಗವನ್ನು ಕಾಯಿದೆಯು ಕಸಿಯಬಲ್ಲುದು. ತೊಡೆ ತಟ್ಟುವ ಕೈಯನ್ನು ಅದು ಜಪ್ತಿ ಮಾಡಲಾರದು. ನಿಶ್ಶಸ್ತ್ರವಾದ ಈ ನಾಡಿನಲ್ಲಿ ಗರಡಿಮನೆಗೆ ಒದಗಿದ ಗೌರವವನ್ನು ಈ ಹಿನ್ನೆಲೆಯಿಂದ ಬೇರ್ಪಡಿಸಿ ನೋಡಲು ನನ್ನಿಂದಾಗದು. ಪೋಷಣೆಯ ಭಾರವು ವಾಡೆಯಿಂದ ಊರ ಪಂಚರ ಹೆಗಲಿಗೆ ಬಂದುದೂ, ಒಡೆಯನ ವಿನೋದವಾಗಿದ್ದುದು ಜಾತ್ರೆಯ ಹಕ್ಕಾದುದೂ ಇದೇ ಬದಲಾವಣೆಯ ಫಲವೆಂದು ನನ್ನ ಊಹೆ.

ಗರಡಿಮನೆಯನ್ನು ಕಾಣದವರಿಗಾಗಿ ಎರಡು ಮಾತು. ತಲೆ ಬಗ್ಗಿಸದೆ ಒಳಹೋಗಲು ಬಾರದಂತಹ ಗಿಡ್ಡ ಬಾಗಿಲು, ಗಾಳಿಗಿಂತ ಕತ್ತಲೆಯನ್ನೇ ಹೆಚ್ಚಾಗಿ ಬಿಡುವ ಸಣ್ಣ ಬೆಳಕಿಂಡಿ, ದಪ್ಪ ಗೋಡೆ, ನಡುವೆ ಮಟ್ಟಿ. ಮಲಪ್ರಭೆಯ ತೆಂಕಣದ ಎರೆಯ ನೆಲವು ಜೋಳಕ್ಕೂ ಹತ್ತಿಗೂ ಎಷ್ಟು ಒಲಿದುದೋ ಕುಸ್ತಿಗೆ ಅಷ್ಟೇ ಒಲ್ಲದುದು: ತೇವವಾದರೆ ಕಾಲು ಕಚ್ಚುವ ಅಂಟು, ಒಣಗಿದರೆ ಮೈ ಹರಿಯುವ ಹೆಂಟೆ. ಆದುದರಿಂದ ಮಸಾರಿಯ ಕೆಮ್ಮಣ್ಣನ್ನು ಚಕ್ಕಡಿಯಲ್ಲಿ ಹೇರಿ ತಂದು, ಸಾಣಿಸಿ, ಹರಳು ತೆಗೆದು, ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆಯ ರಸ ಬೆರೆಸಿ ಹದ ಮಾಡಬೇಕು. ಹದವಾದ ಮಟ್ಟಿಯನ್ನು ದಿನವೂ ಅಗೆದು ಸಡಿಲಿಸಬೇಕು. ಹೊಸದಾಗಿ ಸೇರಿದ ಹುಡುಗನಿಗೆ ಮೊದಲ ಪಾಠವೇ ಈ ಅಗೆತ. ಡಾವು ಕಲಿಯುವ ಮಾತು ಆಮೇಲಿನದು. ಬೆಳಗಿನ ಜಾವ ಎದ್ದು ದಂಡ, ಬೈಠಕು, ಕರೇಲ, ಗುಂಡು. ಬಳಿಕ ತನಗಿಂತ ಹಿರಿಯನೊಡನೆ ಜೋರು ಮಾಡಿ ನೂರು ಸಲ ಬೀಳುವುದು. ಬಿದ್ದವನ ಬೆನ್ನಿನ ಮಣ್ಣನ್ನು ಕೆಡವಿದವನೇ ಒರೆಸುವುದು. ಖುರಾಕಿನ ಮಾತು ಬಂದರೆ ಮಾತ್ರ ಬಡವನ ಮುಖ ಬಾಡುತ್ತಿತ್ತು. ಹಾಲು, ತುಪ್ಪ, ಬಾದಾಮಿಗಳು ಮಳೆಯನ್ನೇ ನಂಬಿದ ಒಕ್ಕಲಿಗನ ಮನೆಯಲ್ಲಿ ನಿತ್ಯ ದೊರೆಯುವ ಪದಾರ್ಥಗಳಲ್ಲ; ಒಂದು ಎಮ್ಮೆಯ ಹಾಲನ್ನು ಮಾರದೆ ಮಗನೊಬ್ಬನಿಗೆ ಬಿಡುವುದೆಂದರೆ ಉಳಿದ ಮಕ್ಕಳ ಬಾಯಿಯಿಂದ ಕಸಿದಂತೆಯೇ. ಪೈಲವಾನರ ಚರಿತ್ರೆಯಲ್ಲಿ ಈ ತಾಯಂದಿರ ಹೆಸರು ಎಲ್ಲಿಯೂ ಬಂದಿಲ್ಲ.

ಇನ್ನು ಜಾತ್ರೆಯ ದಿನ. ತೇರೆಳೆದ ಮಾರನೆಯ ಮಧ್ಯಾಹ್ನ, ಹಲಗೆಯ ಸದ್ದು ಏರುತ್ತಿರುವಂತೆ, ಮಣ್ಣು ಹಾಯಿಸಿದ ಕಣದ ಸುತ್ತಲೂ ನೆಲದ ಮೇಲೆ, ಚಕ್ಕಡಿಯ ಮೇಲೆ, ಮಾಳಿಗೆಯ ಮೇಲೆ, ಬೇವಿನ ಟೊಂಗೆಯ ಮೇಲೆ ಜನ. ಮೊದಲು ತೆಂಗಿನಕಾಯಿಯ ಕುಸ್ತಿಗಳು: ಚಡ್ಡಿ ಜಾರುವ ವಯಸ್ಸಿನ ಹುಡುಗರು ಒಂದು ಕಾಯಿಗಾಗಿ ಮೈಯೆಲ್ಲ ಮಣ್ಣು ಮಾಡಿಕೊಂಡು, ಗೆದ್ದವನು ಕಾಯಿಯನ್ನು ಎದೆಗವುಚಿ ಓಡುವನು, ಸೋತವನು ಅಪ್ಪನ ಮುಖ ನೋಡುವನು. ಆಮೇಲೆ ರೂಪಾಯಿಯ ಜೋಡಿಗಳು. ಕಟ್ಟಕಡೆಗೆ, ಬಿಸಿಲು ಇಳಿದು ನೆರಳು ಉದ್ದವಾದ ಮೇಲೆ, ಬೆಳ್ಳಿಯ ಕಡೆಯದ, ಎಂದರೆ ಕಡಗದ, ಕುಸ್ತಿ. ಆ ಜೋಡಿಯನ್ನು ಹಚ್ಚುವುದಕ್ಕೆ ಪಂಚರು ತಿಂಗಳುಗಟ್ಟಲೆ ಸಂಧಾನ ನಡೆಸಿರುತ್ತಾರೆ. ಯಾರ ತೂಕವೆಷ್ಟು, ಯಾರ ತಾಲೀಮು ಯಾವುದು, ಕಳೆದ ವರುಷ ಯಾರು ಯಾರನ್ನು ಯಾವ ಡಾವಿನಿಂದ ಚಿತ್ತು ಮಾಡಿದರೆಂಬುದರ ಲೆಕ್ಕವು ಅವರ ನಾಲಗೆಯ ತುದಿಯಲ್ಲಿರುತ್ತದೆ. ಸಲಾಮಿ ಕೊಟ್ಟು ಕೈ ಕೂಡಿಸಿದವರು ಒಬ್ಬರ ಕತ್ತಿಗೊಬ್ಬರು ಕೈಹಾಕಿ, ಬಾಗಿ, ಹಣೆಗೆ ಹಣೆಯೊತ್ತಿ, ಎತ್ತಿನಂತೆ ನಿಂತುಬಿಟ್ಟರೆ, ಅರ್ಧ ತಾಸು ಏನೂ ನಡೆಯದಂತೆ ಹೊರಗಿನವನಿಗೆ ತೋರುತ್ತದೆ. ಒಳಗಿನವನಿಗೆ ಬೆರಳೊಂದು ಸರಿದುದೂ ಕಾಣುತ್ತದೆ. ಬೆಳಕು ತೀರಿ ಪಂಚರು ಅವರನ್ನು ಬಿಡಿಸಿದರೆ, ಕಡೆಯವು ಇಬ್ಬರ ಕೈಗೂ ಹೋಗದೆ ಗಂಟಿನಲ್ಲೇ ಉಳಿದರೆ, ಅಲ್ಲಿಗೆ ಕುಸ್ತಿ ಮುಗಿಯಿತೆಂದಲ್ಲ, ಆರಂಭವಾಯಿತೆಂದರ್ಥ.

ಏಕೆಂದರೆ ಮರುದಿನದಿಂದ ಬರುವ ಜಾತ್ರೆಯವರೆಗೆ ಊರಿನ ಸಂಭಾಷಣೆಯೆಲ್ಲ ಅದೇ. ಮುಂಗಾರಿನ ಹರಗುವಿಕೆಯಲ್ಲಿ, ಪಂಚಮಿಯ ಜೋಕಾಲಿಯ ಕೆಳಗೆ, ಸೀಗೆಹುಣ್ಣಿಮೆಯ ಚರಗದ ಬುತ್ತಿಯ ಮುಂದೆ, ಹಿಂಗಾರಿ ಜೋಳದ ರಾಶಿಯ ಕಣದಲ್ಲಿ, ಬರುವ ಸಲ ಇವನು ಗೆಲ್ಲುವನೋ ಅವನೋ ಎಂಬ ವಾದ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಗಾದೆಯನ್ನು ಪರಿಹಾಸಕ್ಕಾಗಿ ಬಳಸುವುದು ನಮ್ಮ ವಾಡಿಕೆ. ಆದರೆ ಅದರೊಳಗೆ ಅಭಿಮಾನಿಯ ಮನಸ್ಸು ಯಥಾವತ್ತಾಗಿ ಚಿತ್ರಿತವಾಗಿದೆ. ತನ್ನವನು ಸೋತನೆಂಬುದನ್ನು ಒಪ್ಪದವನೇ ಮುಂದಿನ ಕುಸ್ತಿಗೆ ಮೊದಲ ಪ್ರೇಕ್ಷಕನು.

ಇಂತಹ ಕಾಯುವಿಕೆಯ ಬಹು ದೀರ್ಘವಾದ ಉದಾಹರಣೆಯೊಂದು ನಮ್ಮ ಸೀಮೆಯದಲ್ಲ. 1910ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಗಾಮಾ ಪೈಲವಾನನೆದುರು ಪೋಲಂಡಿನ ಝ್ಬಿಸ್ಕೋ ಎರಡೂವರೆ ತಾಸಿಗೂ ಮಿಗಿಲಾಗಿ ನೆಲವನ್ನಪ್ಪಿಕೊಂಡೇ ಉಳಿದು, ಮುಂದಿನ ವಾರಕ್ಕೆ ಗೊತ್ತಾದ ಮರುಕುಸ್ತಿಗೆ ಬಾರದೆ ಹೋದನು. ಆ ಕುಸ್ತಿಯ ನಿಕಾಲಿ ಆದುದು 1928ರಲ್ಲಿ, ಪಟಿಯಾಲಾದಲ್ಲಿ. ಹದಿನೇಳು ವರುಷಕ್ಕೂ ಮೀರಿ ಕಾದವರ ಕಣ್ಣ ಮುಂದೆ ಗಾಮಾನು ಅವನನ್ನು ಕೆಡವಿದುದು ಒಂದು ನಿಮಿಷದೊಳಗೆ. ಕಾದ ಹೊತ್ತಿಗೂ ಕಂಡ ಹೊತ್ತಿಗೂ ಇರುವ ಈ ವೈಷಮ್ಯವನ್ನು ಯಾವ ಪ್ರೇಕ್ಷಕನೂ ನಷ್ಟವೆಂದು ಬಗೆಯಲಾರನು. ಇತ್ತ ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನವು 1912ರಲ್ಲಿ ಸಿದ್ಧವಾದಂದಿನಿಂದ, ಮುಂಬಯಿ ಕರ್ನಾಟಕದ ಹುರಿಯಾಳುಗಳ ದೃಷ್ಟಿಯೆಲ್ಲ ಆ ದಿಕ್ಕಿಗೆ ತಿರುಗಿತು. ಚಿಕ್ಕೋಡಿ ತಾಲೂಕಿನ ಎಕ್ಸಂಬೆಯಲ್ಲಿ ಹುಟ್ಟಿ ಕೊಲ್ಹಾಪುರದ ಮಟ್ಟಿಯಲ್ಲಿ ಬೆಳೆದ ಶ್ರೀಪತಿ ಖಂಚನಾಳೆಯು 1959ರಲ್ಲಿ ಹಿಂದ್ ಕೇಸರಿಯಾದಾಗ, ಗೆಲವು ತಮ್ಮದೆಂದು ಎಣಿಸಲು ಇಲ್ಲಿಯವರಿಗೆ ಗಡಿರೇಖೆಯ ಅಡ್ಡಿಯಾಗಲಿಲ್ಲ.

ಇದರ ನಡುವೆಯೇ ಮಣ್ಣಿನ ಬದಲು ಮ್ಯಾಟು ಬಂದಿತು. ಕರಾಡದ ಖಾಶಾಬಾ ಜಾಧವನು ಆ ಮೆತ್ತೆಯ ಪರಿಚಯವಿಲ್ಲದೆ 1948ರ ಲಂಡನ್ ಒಲಿಂಪಿಕ್ಸಿಗೆ ಹೋಗಿ ಆರನೆಯವನಾಗಿ, ನಾಲ್ಕು ವರುಷ ಕಾದು 1952ರಲ್ಲಿ ಹೆಲ್ಸಿಂಕಿಯಿಂದ ಕಂಚನ್ನು ತಂದನು. ಈಗಿನ ಕುಸ್ತಿಗೆ ಮೂರು ಮೂರು ನಿಮಿಷಗಳ ಎರಡು ಸರದಿ, ಅಂಕಗಳಿಂದ ತೀರ್ಪು, ಅಂಕ ಸಮವಾದರೂ ನಿಯಮದ ಬಲದಿಂದ ಒಬ್ಬನು ಗೆಲ್ಲಲೇಬೇಕು. ಪದಕಗಳ ಲೋಕಕ್ಕೆ ಇದು ಅನಿವಾರ್ಯವೆಂಬುದನ್ನು ಬಲ್ಲೆನು. ಈ ಸೀಮೆಯ ಬಾಲಕರೂ ಬಾಲಕಿಯರೂ ಕ್ರೀಡಾನಿಲಯಗಳಲ್ಲಿ ಅದನ್ನೇ ಕಲಿತು ಮುಂದೆ ಬರುತ್ತಿರುವುದು ಸಂತೋಷದ ಸಂಗತಿ. ಆದರೂ ಸಮಸಮಕ್ಕೆ ಸ್ಥಾನವಿಲ್ಲದ ಕುಸ್ತಿಯು ಕಟ್ಟೆಯ ಮೇಲೆ ಕುಳಿತವರ ಬಾಯಿಂದ ವರುಷದ ತುತ್ತನ್ನು ಕಸಿದುಕೊಂಡಿತೆಂದು ಹೇಳದಿರಲಾರೆ.

ಕಾಯುವ ಚಪಲವು ಹೋಯಿತೆಂದು ಮಾತ್ರ ಯಾರೂ ತಿಳಿಯಬಾರದು. ತೊಂಬತ್ತರ ದಶಕದ ಹುಡುಗರು ದೂರದರ್ಶನದ ಪರದೇಶಿ ಮಲ್ಲರ ಚಿತ್ರವುಳ್ಳ ಎಲೆಗಳನ್ನು ಕಿಸೆಯಲ್ಲಿಟ್ಟುಕೊಂಡು, ಎತ್ತರವೆಷ್ಟು ತೂಕವೆಷ್ಟು ಎಂದು ಪಂಚರಂತೆಯೇ ಜೋಡಿ ಹಚ್ಚಿದರು. ಇಂದಿನವರ ಕೈಯಲ್ಲಿ ಮೊಬೈಲಿದೆ. ಮ್ಯಾಟ್ ಡಿಕೀ ಎಂಬ ಇಂಗ್ಲೆಂಡಿನವನು ಬಹುಮಟ್ಟಿಗೆ ಒಬ್ಬನೇ ಕುಳಿತು ರಚಿಸಿ 2021ರಲ್ಲಿ ಹೊರತಂದ ‘ರೆಸ್ಲಿಂಗ್ ಎಂಪೈರ್’ ಎಂಬ ಆಟದಲ್ಲಿ, ಹೊಸಬನೊಬ್ಬನು ಕುಸ್ತಿಯ ಶಾಲೆಯಲ್ಲಿ ಪಳಗಿ, ಕರಾರು ಬರೆದುಕೊಟ್ಟು, ಗಾಯಗೊಂಡು, ಸೋತು, ಮೇಲೇರುವ ಜೀವಿತವೇ ಆಟವಾಗಿದೆ. ಇಂತಹ ಆಟಗಳ ಮುಂದಿನ ಭಾಗವು ಎಂದು ಬರುವುದೋ, ಅದರಲ್ಲಿ ಯಾವ ಹೊಸ ಡಾವುಗಳಿರುವುವೋ ಎಂದು ಹುಡುಗರು ವಾದಿಸುವುದನ್ನು ಕೇಳಿ ನನ್ನ ಓರಗೆಯವರು ಮೂಗು ಮುರಿಯುತ್ತಾರೆ. ನಾನು ಮುರಿಯಲಾರೆ. ಆ ವಾದದ ಧಾಟಿ ನನಗೆ ಪರಿಚಿತವಾದುದು. ಹಲಗೆಯ ಸದ್ದೊಂದು ಕಡಿಮೆ, ಮಟ್ಟಿಯ ಅರಿಸಿನದ ವಾಸನೆಯೊಂದು ಕಡಿಮೆ.

ಆ ಹುಡುಗರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಬಿನ್ನಹ. ಬರುವ ಜಾತ್ರೆಗೆ ಈ ಕಡೆ ಬಂದು, ಕುಸ್ತಿಯ ಕಣದ ಪಕ್ಕದಲ್ಲಿ ಜಾಗ ಹಿಡಿಯಿರಿ. ನೆರಳಿರುವ ಕಡೆ ಮೊದಲೇ ತುಂಬಿರುತ್ತದೆ, ಬಿಸಿಲಿಗೆ ತಲೆವಸ್ತ್ರ ತನ್ನಿರಿ. ತೆಂಗಿನಕಾಯಿಯ ಕುಸ್ತಿಗಳನ್ನು ನೋಡಿ ನಕ್ಕು ಎದ್ದುಬಿಡಬೇಡಿರಿ. ಬೆಳ್ಳಿಯ ಕಡೆಯದ ಜೋಡಿಯನ್ನು ಬಿಡುವುದು ಹೊತ್ತು ಮುಳುಗುವ ಮುನ್ನ, ಎಲ್ಲಕ್ಕೂ ಕಡೆಗೆ.