ಕುಡಿಯೋದು ಕಾರೋ, ಕಾಲೋ?

ನಮ್ಮೂರಲ್ಲಿ ಯಾರಾದರೂ ಗಾಡಿ ತಂದು ಮನೆ ಮುಂದೆ ನಿಲ್ಲಿಸಿದರೆ ಮೊದಲು ಬರೋ ಪ್ರಶ್ನೆ ಒಂದೇ: “ಮೈಲೇಜ್ ಎಷ್ಟ್ ಕೊಡುತ್ತೆ?” ಲೂನಾ ಆದರೂ ಅದೇ, ಟ್ರ್ಯಾಕ್ಟರ್ ಆದರೂ ಅದೇ, ಬೆಂಜ್ ಆದರೂ ಅದೇ. ಹಸು ಹಾಲು ಕೊಟ್ಟ ಹಾಗೆ ಗಾಡಿ ಮೈಲೇಜ್ ಕೊಡುತ್ತೆ ಅನ್ನೋದು ನಮ್ಮ ಲೆಕ್ಕ. ಜರ್ಮನಿಯವರು ಇದನ್ನೇ ತಿರುಗಿಸಿ ಕೇಳ್ತಾರೆ: ನೂರು ಕಿಲೋಮೀಟರ್ ಹೋಗೋಕೆ ಎಷ್ಟು ಲೀಟರ್ ಬೇಕು? ನಾವು ಹಾಲನ್ನ ಅಳೀತೀವಿ, ಅವರು ಮೇವನ್ನ ಅಳೀತಾರೆ.

ಇದು ಬರೀ ಮಾತಿನ ಚಮತ್ಕಾರ ಅಲ್ಲ. ಬೆಂಗಳೂರಲ್ಲಿ ಈಗ ಹಳೇ ಐಷಾರಾಮಿ ಕಾರುಗಳು ಹೊಸ ಸಣ್ಣ ಕಾರಿಗಿಂತ ಕಡಿಮೆ ಬೆಲೆಗೆ ಸಿಗ್ತವೆ. ನನ್ನ ಆಫೀಸಿನಲ್ಲೇ ಮೂರ್ನಾಲ್ಕು ಜನ ತಗೊಂಡಿದ್ದಾರೆ, ನನ್ನ ಹತ್ತಿರವೂ ಒಂದಿದೆ: ಆರು ಸಿಲಿಂಡರಿನ, ಪೆಟ್ರೋಲಿನ, ಆಟೋಮ್ಯಾಟಿಕ್ ಗೇರಿನ ಮುದುಕ. ಆನೆ ಕೊಳ್ಳೋದು ಸುಲಭ, ಸಾಕೋದು ಕಷ್ಟ ಅಂತಾರಲ್ಲ, ಹಾಗೆ. ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ದಾಟಿರುವಾಗ ಇಂಥ ಕಾರನ್ನ ಇಟ್ಟುಕೊಳ್ಳೋಕಾಗುತ್ತಾ, ಆರು ತಿಂಗಳಲ್ಲಿ ಮಾರಬೇಕಾಗುತ್ತಾ ಅನ್ನೋದು ನಿಜವಾದ ಪ್ರಶ್ನೆ. ಈ ಪ್ರಶ್ನೆ ಹೊಸದೇನಲ್ಲ. ಐವತ್ತು ವರ್ಷದ ಹಿಂದೆ ಅಮೆರಿಕ ಮತ್ತು ಜರ್ಮನಿಯ ದೊಡ್ಡ ದೊಡ್ಡ ಕಾರು ಕಂಪನಿಗಳು, ಸರ್ಕಾರಗಳು ಎಲ್ಲ ಸೇರಿ ಇದಕ್ಕೇ ತಲೆ ಕೆಡಿಸಿಕೊಂಡಿದ್ದವು.

ಕಥೆ ಶುರುವಾಗೋದು 1973ರ ಅಕ್ಟೋಬರಿನಲ್ಲಿ. ಇಸ್ರೇಲ್ ಮತ್ತು ಅರಬ್ ದೇಶಗಳ ನಡುವೆ ಯುದ್ಧ ಶುರುವಾಯ್ತು. ಇಸ್ರೇಲಿನ ಬೆನ್ನಿಗೆ ನಿಂತ ಅಮೆರಿಕಕ್ಕೆ ತೈಲ ಕೊಡಲ್ಲ ಅಂತ ಅರಬ್ ದೇಶಗಳು ಕೈ ಎತ್ತಿದವು, ಉತ್ಪಾದನೆಯನ್ನೂ ಕಡಿಮೆ ಮಾಡಿದವು. ಬ್ಯಾರೆಲ್ಲಿಗೆ ಸುಮಾರು 3 ಡಾಲರ್ ಇದ್ದ ಕಚ್ಚಾ ತೈಲ 1974ರ ಆರಂಭದ ಹೊತ್ತಿಗೆ 12 ಡಾಲರಿನ ಹತ್ತಿರ ಬಂತು. ಆ ಬಿಸಿ ನಮಗೂ ತಟ್ಟಿತು. ಅಟಲ್ ಬಿಹಾರಿ ವಾಜಪೇಯಿ ಅವರು ಪೆಟ್ರೋಲ್ ಬೆಲೆ ಏರಿಕೆ ವಿರುದ್ಧ ಎತ್ತಿನಗಾಡಿಯಲ್ಲಿ ಸಂಸತ್ತಿಗೆ ಬಂದಿದ್ದು 1973ರ ನವೆಂಬರಿನಲ್ಲೇ.

ಆ ಹೊತ್ತಿಗೆ ಅಮೆರಿಕದ ಐಷಾರಾಮಿ ಕಾರು ಅಂದರೆ ಹೇಗಿತ್ತು ಗೊತ್ತಾ? 1970ರ ಕ್ಯಾಡಿಲಾಕ್ ಎಲ್ಡೊರಾಡೊದಲ್ಲಿ 8.2 ಲೀಟರಿನ ಇಂಜಿನ್ ಇತ್ತು. ನಮ್ಮ ಮಾರುತಿ 800ರ ಇಂಜಿನ್ 796 ಸಿಸಿ. ಅಂದರೆ ಹತ್ತು ಮಾರುತಿಗಳ ಇಂಜಿನ್ ಒಂದೇ ಬಾನೆಟ್ಟಿನ ಕೆಳಗೆ! ಪೆಟ್ರೋಲ್ ಅಗ್ಗ ಇದ್ದಾಗ ಯಾರೂ ಕೇಳಲಿಲ್ಲ. ಬಂಕಿನ ಮುಂದೆ ಕ್ಯೂ ನಿಂತಾಗ ಎಲ್ಲರೂ ಕೇಳಿದರು.

ಮೊದಲನೇ ಉತ್ತರ ಬಂದಿದ್ದು ಸರ್ಕಾರದಿಂದ, ರಸ್ತೆಯ ಮೇಲೆ. ಪಶ್ಚಿಮ ಜರ್ಮನಿ 1973ರ ನವೆಂಬರ್ 25ರಿಂದ ನಾಲ್ಕು ಭಾನುವಾರ ಕಾರು ಓಡಿಸೋದನ್ನೇ ನಿಷೇಧಿಸಿತು. ಜನ ಆಟೋಬಾನ್ ಮೇಲೆ ಸೈಕಲ್ ಹೊಡೆದರು, ವಾಕಿಂಗ್ ಹೋದರು. ಜೊತೆಗೆ ಆಟೋಬಾನಿಗೆ ಗಂಟೆಗೆ 100 ಕಿಲೋಮೀಟರಿನ ಮಿತಿ ಬಂತು. ಅದು ಬಾಳಿದ್ದು ಮುಂದಿನ ಮಾರ್ಚ್‌ವರೆಗೆ ಮಾತ್ರ. ಇವತ್ತಿಗೂ ಅಲ್ಲಿ ಇಡೀ ಆಟೋಬಾನಿಗೆ ಅನ್ವಯಿಸುವ ಒಂದು ವೇಗದ ಮಿತಿ ಇಲ್ಲ. ಅಮೆರಿಕದಲ್ಲಿ ಅಧ್ಯಕ್ಷ ನಿಕ್ಸನ್ 1974ರ ಜನವರಿ 2ರಂದು ಸಹಿ ಹಾಕಿ ದೇಶಕ್ಕೆಲ್ಲ 55 ಮೈಲಿ, ಅಂದರೆ ಗಂಟೆಗೆ ಸುಮಾರು 89 ಕಿಲೋಮೀಟರಿನ ಮಿತಿ ತಂದರು. 1987ರಲ್ಲಿ ಅದು ಸ್ವಲ್ಪ ಸಡಿಲವಾಗಿ, 1995ರಲ್ಲಿ ರದ್ದಾಯ್ತು. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತೆ. 80ರಿಂದ 100ಕ್ಕೆ ಹೋದರೆ ವೇಗ ಹೆಚ್ಚೋದು ಕಾಲು ಭಾಗ, ಗಾಳಿಯ ತಡೆ ಹೆಚ್ಚೋದು ಅರ್ಧಕ್ಕಿಂತ ಜಾಸ್ತಿ. ಹಾಗಾಗಿ ಕಾನೂನಿನ ಹಿಂದಿದ್ದ ಭೌತಶಾಸ್ತ್ರ ಸರಿಯಾಗೇ ಇತ್ತು. ಜನರಿಗೆ ಹಿಡಿಸಲಿಲ್ಲ, ಅಷ್ಟೇ.

ಎರಡನೇ ಉತ್ತರ ಬಂದಿದ್ದು ಕಾರ್ಖಾನೆಯಿಂದ. 1975ರ ಡಿಸೆಂಬರಿನಲ್ಲಿ ಅಮೆರಿಕ ಒಂದು ಕಾಯ್ದೆ ಮಾಡಿತು: ಒಂದು ಕಂಪನಿ ಮಾರುವ ಕಾರುಗಳ ಸರಾಸರಿ ಮೈಲೇಜ್ 1978ಕ್ಕೆ ಗ್ಯಾಲನ್ನಿಗೆ 18 ಮೈಲಿ, 1985ಕ್ಕೆ 27.5 ಮೈಲಿ ಇರಬೇಕು. ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 7.7ರಿಂದ 11.7 ಕಿಲೋಮೀಟರ್. ದೊಡ್ಡ ಕಾರು ಮಾತ್ರ ಮಾರೋರಿಗೆ ಇದು ಗಂಟಲಿಗೆ ಸಿಕ್ಕ ತುತ್ತಾಯ್ತು.

ಮರ್ಸಿಡಿಸ್ ಏನು ಮಾಡಿತು? ತನ್ನ ಎಸ್ ಕ್ಲಾಸಿಗೆ, ಅಂದರೆ ಮಂತ್ರಿ ಮಹೋದಯರು ಕೂರುವ ಕಾರಿಗೆ, ಐದು ಸಿಲಿಂಡರಿನ ಡೀಸೆಲ್ ಇಂಜಿನ್ ಹಾಕಿ, ಅದಕ್ಕೆ ಟರ್ಬೊ ಸಿಕ್ಕಿಸಿ 1978ರಲ್ಲಿ 300ಎಸ್‌ಡಿ ಅಂತ ಮಾರಿತು. ಅದನ್ನ ಮಾರಿದ್ದು ಉತ್ತರ ಅಮೆರಿಕದಲ್ಲಿ ಮಾತ್ರ. ಸರಾಸರಿಯ ಲೆಕ್ಕ ಸರಿ ಮಾಡೋಕೆ ಹುಟ್ಟಿದ ಆ ಕಾರೇ ಟರ್ಬೊ ಡೀಸೆಲ್ ಇಂಜಿನ್ ಇಟ್ಟುಕೊಂಡು ಸಾಲಾಗಿ ತಯಾರಾದ ಮೊದಲ ಪ್ಯಾಸೆಂಜರ್ ಕಾರು.

ಕ್ಯಾಡಿಲಾಕ್ ಇನ್ನೂ ಜಾಣತನ ತೋರಿಸಿತು. 1981ರ ಮಾಡೆಲ್ಲಿಗೆ ವಿ8-6-4 ಅನ್ನೋ ಇಂಜಿನ್ ತಂದಿತು. ಎಂಟು ಸಿಲಿಂಡರ್ ಇದೆ, ಆದರೆ ಹೈವೇಯಲ್ಲಿ ನಿಧಾನವಾಗಿ ಹೋಗುವಾಗ ಎಂಟೂ ಯಾಕೆ ಬೇಕು? ಕಂಪ್ಯೂಟರ್ ಲೆಕ್ಕ ಹಾಕಿ ಎರಡನ್ನೋ ನಾಲ್ಕನ್ನೋ ಆಫ್ ಮಾಡುತ್ತೆ. ಮುಂದಿನ ಡಿಸ್‌ಪ್ಲೇಯಲ್ಲಿ ಈಗ ಎಷ್ಟು ಸಿಲಿಂಡರ್ ಓಡ್ತಿವೆ, ಈ ಕ್ಷಣದ ಮೈಲೇಜ್ ಎಷ್ಟು ಅಂತ ತೋರಿಸುತ್ತೆ. ಕೇಳೋಕೆ ಎಷ್ಟು ಚೆಂದ! ಆದರೆ 1981ರ ಕಂಪ್ಯೂಟರಿಗೆ ಆ ವೇಗ ಇರಲಿಲ್ಲ. ಸಿಲಿಂಡರ್ ಬದಲಾದಾಗಲೆಲ್ಲ ಕಾರು ಜಗ್ಗುತ್ತಿತ್ತು. ಬೇಸತ್ತ ಎಷ್ಟೋ ಮಾಲೀಕರು ಆ ವ್ಯವಸ್ಥೆಯ ಸಂಪರ್ಕವನ್ನೇ ಕಿತ್ತಿಸಿ ಯಾವಾಗಲೂ ಎಂಟು ಸಿಲಿಂಡರಿನಲ್ಲೇ ಓಡಾಡಿದರು. ಬಹುತೇಕ ಮಾಡೆಲ್‌ಗಳಿಂದ ಒಂದೇ ವರ್ಷಕ್ಕೆ ಅದು ಮಾಯವಾಯ್ತು. ಹಾರ್ಡ್‌ವೇರ್ ಗಟ್ಟಿ, ಐಡಿಯಾ ಸರಿ, ಪ್ರೊಸೆಸರ್ ನಿಧಾನ: ನಮ್ಮ ಫೀಲ್ಡಿನಲ್ಲಿ ಇರೋರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ಸುಮಾರು ಇಪ್ಪತ್ತು ವರ್ಷ ಕಳೆದು ಕಂಪ್ಯೂಟರ್ ಚುರುಕಾದ ಮೇಲೆ ಅದೇ ಐಡಿಯಾ ವಾಪಸ್ ಬಂತು.

ಬಿಎಂಡಬ್ಲ್ಯು ಹಿಡಿದ ದಾರಿಯೇ ಬೇರೆ. ಅವರ 525ಇ ಮತ್ತು ಅಮೆರಿಕದಲ್ಲಿ ಮಾರಿದ 528ಇ ಕಾರುಗಳಲ್ಲಿ 2.7 ಲೀಟರಿನ ಇಂಜಿನ್ ಇಟ್ಟರು. ಅದೇ ಸಾಲಿನ 528ಐ 184 ಅಶ್ವಶಕ್ತಿ ಕೊಡುತ್ತಿದ್ದಾಗ ಇದು ಕೊಡುತ್ತಿದ್ದದ್ದು ಸುಮಾರು 125. ಬೇಕಂತಲೇ ಕಡಿಮೆ ಮಾಡಿದ್ದು. ಇಂಜಿನ್ ದೊಡ್ಡದು, ಆದರೆ ನಿಧಾನಕ್ಕೆ ತಿರುಗುತ್ತೆ. ನಿಮಿಷಕ್ಕೆ 5000 ಸುತ್ತು ಮುಟ್ಟುವ ಮೊದಲೇ ಕೆಂಪು ಗೆರೆ. ಒಳಗಿನ ಘರ್ಷಣೆ ಕಮ್ಮಿಯಾಗಲಿ ಅಂತ ವಾಲ್ವ್ ಸ್ಪ್ರಿಂಗುಗಳನ್ನೂ ಮೆದು ಮಾಡಿದ್ದರು. ಹೆಸರಿನ ‘ಇ’ ಬಂದಿದ್ದು ದಕ್ಷತೆಗೆ ಎಂಜಿನಿಯರುಗಳು ಬಳಸುವ ಗ್ರೀಕ್ ಅಕ್ಷರ ‘ಈಟಾ’ದಿಂದ. ಬಿಇ ಓದುವಾಗ ಥರ್ಮೋಡೈನಮಿಕ್ಸ್ ಪೇಪರಿನಲ್ಲಿ ನಮ್ಮ ನಿದ್ದೆ ಕೆಡಿಸಿದ ಅದೇ ಈಟಾ.

ಮೂರನೇ ಉತ್ತರ ತುಂಬಾ ಸಣ್ಣದು, ಮತ್ತು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು: ಒಂದು ಮುಳ್ಳು. 1981ರಲ್ಲಿ ಬಂದ ಬಿಎಂಡಬ್ಲ್ಯು 5 ಸೀರೀಸಿನಲ್ಲಿ ಆರ್‌ಪಿಎಂ ಮೀಟರಿನ ಕೆಳಗೆ ಇನ್ನೊಂದು ಪುಟ್ಟ ಮೀಟರ್ ಇತ್ತು. ಈ ಕ್ಷಣ ನೀವು ಹೀಗೇ ಹೋದರೆ ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಬೇಕು ಅಂತ ಅದು ತೋರಿಸುತ್ತಿತ್ತು. ಎಷ್ಟು ಪೆಟ್ರೋಲ್ ಇಂಜಿನ್ನಿಗೆ ಚಿಮ್ಮುತ್ತಿದೆ, ಕಾರು ಎಷ್ಟು ವೇಗದಲ್ಲಿದೆ, ಎರಡನ್ನೂ ಭಾಗಿಸಿದರೆ ಬರೋ ಉತ್ತರ. ಅದೇ ಕಾಲದ ಮರ್ಸಿಡಿಸ್ ಕಾರುಗಳಲ್ಲೂ ಇಂಜಿನ್ ಗಾಳಿ ಎಳೆಯುವ ಪೈಪಿನಲ್ಲಿನ ನಿರ್ವಾತವನ್ನ ಅಳೆಯುವ ಇಂಥದ್ದೇ ಒಂದು ಮುಳ್ಳಿತ್ತು. ಆಕ್ಸಿಲರೇಟರ್ ಮೇಲೆ ಕಾಲು ಭಾರ ಆದ ತಕ್ಷಣ ಅದು ಕೆಂಪಿನ ಕಡೆ ಹೋಗುತ್ತೆ, ಕಾಲು ತೆಗೆದರೆ ಹಿಂದೆ ಬರುತ್ತೆ.

ಸ್ಪೀಡೋಮೀಟರ್ ಕಾರಿನ ಬಗ್ಗೆ ಹೇಳುತ್ತೆ. ಈ ಮುಳ್ಳು ಓಡಿಸೋನ ಬಗ್ಗೆ ಹೇಳುತ್ತೆ. ವ್ಯತ್ಯಾಸ ಇರೋದು ಅಲ್ಲೇ.

ಓಡಿಸೋನಿಂದ ಅಷ್ಟು ವ್ಯತ್ಯಾಸ ಆಗುತ್ತಾ? ಇದಕ್ಕೆ ತೈಲ ಬಿಕ್ಕಟ್ಟಿಗಿಂತ ಹಳೆಯ ಸಾಕ್ಷಿಯೇ ಇದೆ. ಅಮೆರಿಕದಲ್ಲಿ 1936ರಿಂದ 1968ರವರೆಗೆ, ನಡುವೆ ಯುದ್ಧದ ವರ್ಷಗಳನ್ನ ಬಿಟ್ಟು, ಎಕಾನಮಿ ರನ್ ಅನ್ನೋ ಸ್ಪರ್ಧೆ ನಡೀತಿತ್ತು. ಯಾರು ಬೇಗ ಹೋಗ್ತಾರೆ ಅಂತಲ್ಲ, ಯಾರು ಕಡಿಮೆ ಪೆಟ್ರೋಲಲ್ಲಿ ಹೋಗ್ತಾರೆ ಅಂತ. ಶೋರೂಮಿನಲ್ಲಿ ಸಿಗುವಂಥದ್ದೇ ಕಾರು, ಸಾಮಾನ್ಯ ರಸ್ತೆ, ಆದರೆ ಪಳಗಿದ ಕಾಲು. ದೊಡ್ಡ ಕಾರುಗಳೂ ಅಲ್ಲಿ ಭಾಗವಹಿಸುತ್ತಿದ್ದವು.

ನಮ್ಮಲ್ಲಿ ಈ ಸ್ಪರ್ಧೆ ದಿನಾ ನಡೆಯುತ್ತೆ, ಸರ್ಕಾರಿ ಬಸ್ ಡಿಪೋದಲ್ಲಿ. ನನ್ನ ಸೋದರಮಾವ ಕೆಎಸ್‌ಆರ್‌ಟಿಸಿ ಡ್ರೈವರ್ ಆಗಿದ್ದವರು. ಅವರ ಬಾಯಲ್ಲಿ ಮೈಲೇಜ್ ಅನ್ನೋ ಪದವೇ ಇಲ್ಲ, ‘ಕೆಎಂಪಿಎಲ್’ ಅಂತಲೇ ಹೇಳೋದು. ಯಾವ ಡ್ರೈವರ್ ಎಷ್ಟು ಕೆಎಂಪಿಎಲ್ ತೆಗೆದ ಅನ್ನೋ ಲೆಕ್ಕ ಡಿಪೋದಲ್ಲಿ ಇರುತ್ತೆ. ಗಮನಿಸಿ, ಬಸ್ಸು ‘ಕೊಡೋದಲ್ಲ’, ಡ್ರೈವರ್ ‘ತೆಗೆಯೋದು’. ಒಮ್ಮೆ ನನ್ನ ಪಕ್ಕ ಕೂತು ನೈಸ್ ರೋಡಿನಲ್ಲಿ ಬರುವಾಗ ಅವರು ಹೇಳಿದ ಮಾತಿಗಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಿಲ್ಲ: “ಬ್ರೇಕ್ ಒತ್ತಿದೆ ಅಂದ್ರೆ ಎಣ್ಣೆ ಚೆಲ್ಲಿದೆ ಅಂತ ಲೆಕ್ಕ ಕಣಪ್ಪಾ. ಮುಂದ್ಲದ್ನ ನೋಡ್ಕಂಡು ಕಾಲ್ ತೆಗೀಬೇಕು, ಬ್ರೇಕ್ ಮೇಲೆ ಇಡೋಕಲ್ಲ ತೆಗಿಯೋದು.”

ಮಾವನ ಮಾತನ್ನ ಅಂಕಿಯಲ್ಲಿ ನೋಡಿ. 1600 ಕೆಜಿ ತೂಕದ ಕಾರು 60 ಕಿಲೋಮೀಟರ್ ವೇಗದಲ್ಲಿದ್ದಾಗ ಅದರಲ್ಲಿರೋ ಚಲನಶಕ್ತಿ ಸುಮಾರು 222 ಕಿಲೋಜೂಲ್. ಪೆಟ್ರೋಲಿನ ಶಕ್ತಿಯಲ್ಲಿ ಚಕ್ರಕ್ಕೆ ತಲುಪೋದು ಐದರಲ್ಲೊಂದು ಪಾಲು ಅಂತ ಇಟ್ಟುಕೊಂಡರೆ, ಆ ವೇಗ ತುಂಬಿಸೋಕೆ ಸುಮಾರು 30 ಮಿಲಿಲೀಟರ್ ಪೆಟ್ರೋಲ್ ಹೋಗಿರುತ್ತೆ. ಸಿಗ್ನಲ್ಲಿನ ಮುಂದೆ ಗಕ್ಕನೆ ಬ್ರೇಕ್ ಒತ್ತಿದರೆ ಅದಷ್ಟೂ ಬ್ರೇಕ್ ಪ್ಯಾಡಿನಲ್ಲಿ ಬಿಸಿಯಾಗಿ ಹೋಯ್ತು. ಒಂದು ಬ್ರೇಕಿಗೆ ಮೂರು ರೂಪಾಯಿ. ಕಾರು ಭಾರವಾದಷ್ಟೂ ನಷ್ಟ ಜಾಸ್ತಿ. ಐಷಾರಾಮಿ ಕಾರು ಅಂದಮೇಲೆ ಭಾರ ಇದ್ದೇ ಇರುತ್ತೆ.

ಊರಿನ ಕಡೆ ಇನ್ನೊಂದು ನಂಬಿಕೆ ಇದೆ: ಘಾಟಿ ಇಳಿಯುವಾಗ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತೆ ಅಂತ. ಪೆಟ್ರೋಲ್ ಇಂಜೆಕ್ಷನ್ ಇರುವ ಕಾರಿನಲ್ಲಿ ಇದು ಉಲ್ಟಾ. ಗೇರಿನಲ್ಲೇ ಇದ್ದು ಕಾಲು ತೆಗೆದರೆ ಚಕ್ರವೇ ಇಂಜಿನ್ನನ್ನ ತಿರುಗಿಸುತ್ತೆ, ಕಂಪ್ಯೂಟರ್ ಪೆಟ್ರೋಲನ್ನ ಪೂರ್ತಿ ನಿಲ್ಲಿಸುತ್ತೆ. ನ್ಯೂಟ್ರಲ್ ಹಾಕಿದರೆ ಐಡಲ್ ಓಡೋಕೆ ಪೆಟ್ರೋಲ್ ಬೇಕು. ಮೇಲಾಗಿ ಶಿರಾಡಿಯಂಥ ಕಡೆ ಇಂಜಿನ್ ಹಿಡಿತ ಇಲ್ಲದೆ ಇಳಿಯೋದು ಜೀವದ ಜೊತೆ ಆಟ.

ಈಗ ಮೊದಲು ಹೇಳಿದ ಹಾಲು ಮತ್ತು ಮೇವಿನ ಲೆಕ್ಕಕ್ಕೆ ಬರೋಣ. ಸಣ್ಣ ಕಾರೊಂದು ಲೀಟರಿಗೆ 20 ಕಿಲೋಮೀಟರ್ ಓಡ್ತಿದೆ ಅಂದುಕೊಳ್ಳಿ. ಚೆನ್ನಾಗಿ ಓಡಿಸಿ ಅದನ್ನ 25 ಮಾಡಿದಿರಿ. ಭೇಷ್! ಆದರೆ ನೂರು ಕಿಲೋಮೀಟರಿಗೆ 5 ಲೀಟರ್ ಬೇಕಿದ್ದದ್ದು 4 ಆಯ್ತು, ಉಳಿದದ್ದು ಒಂದು ಲೀಟರ್. ಹಳೇ ಐಷಾರಾಮಿ ಕಾರೊಂದು ಊರೊಳಗೆ 5 ಕೊಡ್ತಿದೆ, ಅದನ್ನ 6 ಮಾಡಿದಿರಿ. ಕೇಳಿದೋರು ನಗ್ತಾರೆ, ಒಂದೇ ಕಿಲೋಮೀಟರಾ ಅಂತ. ಆದರೆ ನೂರು ಕಿಲೋಮೀಟರಿಗೆ 20 ಲೀಟರ್ ಇದ್ದದ್ದು 16.7ಕ್ಕೆ ಇಳೀತು. ಉಳಿದದ್ದು 3.3 ಲೀಟರ್, ಹೆಚ್ಚುಕಡಿಮೆ 330 ರೂಪಾಯಿ. ‘ಎಷ್ಟು ಕೊಡುತ್ತೆ’ ಅಂತ ಕೇಳಿದರೆ ಈ ಉಳಿತಾಯ ಕಣ್ಣಿಗೇ ಬೀಳಲ್ಲ. ‘ಎಷ್ಟು ಬೇಕು’ ಅಂತ ಕೇಳಿದರೆ ಎದ್ದು ಕಾಣುತ್ತೆ.

ದೊಡ್ಡ ಕಾರು ಇಟ್ಟುಕೊಂಡೋರು ಸಾಮಾನ್ಯವಾಗಿ ಹೇಳೋದು ಇದರ ತದ್ವಿರುದ್ಧ: “ಹೆಂಗೂ ಕುಡಿಯೋ ಗಾಡಿ ಬಿಡು ಗುರೂ, ಹೆಂಗ್ ಓಡಿಸಿದ್ರೆ ಏನು?” ಲೆಕ್ಕ ಹೇಳೋದು, ಕುಡಿಯೋ ಗಾಡಿಯಲ್ಲೇ ಕಾಲಿಗೆ ಬೆಲೆ ಜಾಸ್ತಿ ಅಂತ.

ನಾನು ಪ್ರತಿ ಸಲ ಟ್ಯಾಂಕ್ ಫುಲ್ ಮಾಡಿಸಿ, ಹಿಂದಿನ ಫುಲ್ಲಿನಿಂದ ಓಡಿದ ದೂರ, ಹಾಕಿದ ಲೀಟರ್ ಎರಡನ್ನೂ ಒಂದು ಶೀಟಿನಲ್ಲಿ ಬರೀತೀನಿ. ಅದೇ ಕಾರು, ಅದೇ ಔಟರ್ ರಿಂಗ್ ರೋಡು. ಟೈರಿನ ಗಾಳಿ ನೋಡಿಕೊಂಡು, ಮುಂದಿನ ಸಿಗ್ನಲ್ ಕೆಂಪು ಕಂಡ ತಕ್ಷಣ ಕಾಲು ತೆಗೆದು, ಹೈವೇಯಲ್ಲಿ 85ಕ್ಕೆ ನಿಂತ ತಿಂಗಳುಗಳಿಗೂ, ಡೆಡ್‌ಲೈನ್ ತಲೆಯಲ್ಲಿಟ್ಟುಕೊಂಡು ಓಡಿಸಿದ ತಿಂಗಳುಗಳಿಗೂ ಇರುವ ಅಂತರ ಆ ಶೀಟಿನಲ್ಲಿ ಕಾಣುತ್ತೆ. ಆ ಅಂತರದಿಂದಲೇ ಕಾರು ಇನ್ನೂ ನನ್ನ ಹತ್ತಿರ ಉಳಿದಿದೆ.

ಸರ್ಕಾರ ಮಿತಿ ಹಾಕಿತು, ಜನ ಗೊಣಗಿ ತೆಗೆಸಿದರು. ಕಾರ್ಖಾನೆ ಸಿಲಿಂಡರ್ ಆಫ್ ಮಾಡಿತು, ಜನ ಸಂಪರ್ಕ ಕಿತ್ತಿಸಿದರು. ಮುಳ್ಳು ಮಾತ್ರ ಯಾರಿಗೂ ಏನೂ ಹೇರಲಿಲ್ಲ, ಸುಮ್ಮನೆ ತೋರಿಸಿತು. ಇವತ್ತಿನ ಎಲ್ಲ ಕಾರಿನ ಡಿಸ್‌ಪ್ಲೇಯಲ್ಲೂ ಅದರ ಮೊಮ್ಮಕ್ಕಳು ಕೂತಿವೆ. ಹಳೇ ಕಾರು ತಗೋಬೇಕು ಅಂತ ಆಸೆ ಇದ್ದು, ‘ಎಷ್ಟ್ ಕೊಡುತ್ತೆ’ ಅಂತ ಹೆದರಿ ಕೂತಿರೋ ಗೆಳೆಯರಿಗೆ ನನ್ನ ಸಲಹೆ ಇಷ್ಟೇ. ಮೊದಲು ಈಗಿರೋ ಗಾಡಿಯಲ್ಲೇ ಒಂದು ತಿಂಗಳು ಶೀಟ್ ಬರೆದು ನೋಡಿ. ನಿಮ್ಮ ಕಾಲು ಎಷ್ಟು ಕುಡಿಯುತ್ತೆ ಅಂತ ಗೊತ್ತಾದ ಮೇಲೆ, ಯಾವ ಕಾರು ಎಷ್ಟು ಕುಡಿಯುತ್ತೆ ಅಂತ ಲೆಕ್ಕ ಹಾಕೋದು ಕಷ್ಟ ಆಗಲ್ಲ.