ನಿಮ್ಮ ಮಗು ‘ಕಣ್ಣಿಂದ ಕಲಿಯುವ’ ಮಗುವೇ, ‘ಕಿವಿಯಿಂದ ಕಲಿಯುವ’ ಮಗುವೇ? ಶಿಕ್ಷಕರ ಗುಂಪುಗಳಲ್ಲಿ ಸುತ್ತುವ ಫಾರ್ವರ್ಡ್‌ಗಳ ಅಸಲಿ ಕಥೆ

ಶಾಲೆ ಶುರುವಾಗುವ ದಿನಗಳಲ್ಲಿ ಶಿಕ್ಷಕರ ಮತ್ತು ಪಾಲಕರ ವಾಟ್ಸಾಪ್ ಗುಂಪುಗಳಿಗೆ ಎರಡು ಚಿತ್ರಗಳು ಮತ್ತೆ ಮತ್ತೆ ಬರುತ್ತವೆ. ಒಂದರಲ್ಲಿ ಕಣ್ಣು, ಕಿವಿ, ಕೈ ಇರುತ್ತದೆ. ಮಕ್ಕಳಲ್ಲಿ ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂದು ಮೂರು ಜಾತಿ, ಆಯಾ ಜಾತಿಗೆ ತಕ್ಕಂತೆ ಪಾಠ ಮಾಡಿದರೆ ಮಾತ್ರ ತಲೆಗೆ ಹತ್ತುತ್ತದೆ ಎನ್ನುತ್ತದೆ ಅದು. ಇನ್ನೊಂದು ಪಿರಮಿಡ್ ಆಕಾರದ ಚಿತ್ರ. ಓದಿದ್ದರಲ್ಲಿ ಶೇ. 10, ಕೇಳಿದ್ದರಲ್ಲಿ ಶೇ. 20, ನೋಡಿದ್ದರಲ್ಲಿ ಶೇ. 30, ಸ್ವತಃ ಮಾಡಿದ್ದರಲ್ಲಿ ಶೇ. 90 ನೆನಪಿರುತ್ತದೆ ಎಂಬ ಲೆಕ್ಕ ಅದರಲ್ಲಿದೆ.

ನೇರವಾಗಿ ಹೇಳಿಬಿಡೋಣ: ಮೊದಲನೆಯದಕ್ಕೆ ಪುರಾವೆ ಇಲ್ಲ, ಎರಡನೆಯದರ ಅಂಕಿಗಳು ಯಾವ ಪ್ರಯೋಗದಿಂದಲೂ ಬಂದವಲ್ಲ.

ಮೂರು ಜಾತಿಯ ಮಕ್ಕಳು ಎಲ್ಲಿಂದ ಬಂದರು?

ಇಂಥ ವಿಂಗಡಣೆಗಳಲ್ಲಿ ಹೆಚ್ಚು ಹೆಸರಾದದ್ದು ನ್ಯೂಜಿಲೆಂಡ್‌ನ ನೀಲ್ ಫ್ಲೆಮಿಂಗ್ ಅವರದು. ಶಾಲಾ ಇನ್‌ಸ್ಪೆಕ್ಟರ್ ಆಗಿದ್ದ ಅವರು ಒಂದು ಪ್ರಶ್ನಾವಳಿ ಮಾಡಿ 1992ರಲ್ಲಿ ಸಹಲೇಖಕರೊಬ್ಬರ ಜೊತೆ ಪ್ರಕಟಿಸಿದರು. ಅವರೊಬ್ಬರೇ ಅಲ್ಲ. 2004ರಲ್ಲಿ ಬ್ರಿಟನ್ನಿನ ಸಂಶೋಧಕರು ಲೆಕ್ಕ ಹಾಕಿದಾಗ ಇಂಥ ‘ಕಲಿಕಾ ಶೈಲಿ’ ವಿಂಗಡಣೆಗಳು 71 ಸಿಕ್ಕಿದವು!

ಇದು ನಿಜವೋ ಅಲ್ಲವೋ ಎಂದು ಪರೀಕ್ಷಿಸುವುದು ಕಷ್ಟವಲ್ಲ. ಮಕ್ಕಳನ್ನು ಕಣ್ಣಿನವರು, ಕಿವಿಯವರು ಎಂದು ವಿಂಗಡಿಸಿ. ಎರಡೂ ಗುಂಪಿನಲ್ಲಿ ಅರ್ಧ ಮಕ್ಕಳಿಗೆ ಚಿತ್ರದಿಂದ, ಉಳಿದವರಿಗೆ ಮಾತಿನಿಂದ ಅದೇ ಪಾಠ ಮಾಡಿ. ಕೊನೆಗೆ ಎಲ್ಲರಿಗೂ ಒಂದೇ ಪರೀಕ್ಷೆ ಕೊಡಿ. ಸಿದ್ಧಾಂತ ಸರಿಯಿದ್ದರೆ ಕಣ್ಣಿನವರು ಚಿತ್ರದಿಂದ, ಕಿವಿಯವರು ಮಾತಿನಿಂದ ಹೆಚ್ಚು ಕಲಿತಿರಬೇಕು. 2008ರಲ್ಲಿ ಅಮೆರಿಕದ ನಾಲ್ವರು ಮನಶ್ಶಾಸ್ತ್ರಜ್ಞರು ಇದೇ ಅಳತೆಗೋಲು ಹಿಡಿದು ಹಳೆಯ ಅಧ್ಯಯನಗಳನ್ನು ಜಾಲಾಡಿದರು. ಸರಿಯಾಗಿ ಪರೀಕ್ಷಿಸಿದ ಅಧ್ಯಯನಗಳೇ ಬೆರಳೆಣಿಕೆಯಷ್ಟಿದ್ದವು. ಅವುಗಳಲ್ಲೂ ಹಲವು ಈ ಸಿದ್ಧಾಂತಕ್ಕೆ ವಿರುದ್ಧವಾದ ಫಲ ಕೊಟ್ಟಿದ್ದವು. ಶಾಲೆಗಳಲ್ಲಿ ಇದನ್ನು ಬಳಸಲು ತಕ್ಕ ಆಧಾರವಿಲ್ಲ ಎಂದು ಅವರು ಬರೆದರು.

ಹಾಗಂತ ನಮ್ಮ ಮೇಷ್ಟ್ರು, ಅಕ್ಕೋರುಗಳನ್ನು ದೂರಬೇಕಿಲ್ಲ. 2012ರಲ್ಲಿ ಬ್ರಿಟನ್ ಮತ್ತು ನೆದರ್‌ಲ್ಯಾಂಡ್ಸ್‌ನಲ್ಲಿ ಕೇಳಿದಾಗ ಶೇ. 90ಕ್ಕೂ ಹೆಚ್ಚು ಶಿಕ್ಷಕರು ಇದನ್ನು ನಂಬಿದ್ದರು.

ನಂಬಿಕೆಗೆ ಕಾರಣವೂ ಇದೆ. ಮಕ್ಕಳಿಗೆ ಇಷ್ಟಗಳು ಇರುವುದು ನಿಜ. ಒಬ್ಬಳಿಗೆ ಚಿತ್ರ ಇಷ್ಟ, ಇನ್ನೊಬ್ಬನಿಗೆ ಕಥೆ ಇಷ್ಟ. ಆದರೆ ಇಷ್ಟಪಡುವುದು ಬೇರೆ, ಅದರಿಂದ ಹೆಚ್ಚು ಕಲಿಯುವುದು ಬೇರೆ. ಹೇಗೆ ಕಲಿಸಬೇಕು ಎಂಬುದನ್ನು ಹೆಚ್ಚಾಗಿ ಪಾಠವೇ ನಿರ್ಧರಿಸುತ್ತದೆ. ಕಾಳಿ ನದಿ ಎಲ್ಲಿ ಸಮುದ್ರ ಸೇರುತ್ತದೆ ಎಂದು ತಿಳಿಯಲು ‘ಕಿವಿಯ’ ಮಗುವೂ ನಕಾಶೆ ನೋಡಲೇಬೇಕು. ಪದ್ಯದ ಲಯ ಹಿಡಿಯಲು ‘ಕಣ್ಣಿನ’ ಮಗುವೂ ಅದನ್ನು ಕೇಳಬೇಕು, ಬಾಯಿಬಿಟ್ಟು ಹೇಳಬೇಕು. ಲೀಟರ್ ಎಂದರೆ ಎಷ್ಟು ಎಂದು ತಿಳಿಯಲು ಎಲ್ಲರೂ ನೀರು ಅಳೆಯಬೇಕು.

ಪಿರಮಿಡ್‌ನ ಅಂಕಿಗಳು

ಅಮೆರಿಕದ ಎಡ್ಗರ್ ಡೇಲ್ 1946ರ ತಮ್ಮ ಪುಸ್ತಕದಲ್ಲಿ ಶಂಕುವಿನ ಆಕಾರದ ಒಂದು ಚಿತ್ರ ಕೊಟ್ಟಿದ್ದರು. ನೇರ ಅನುಭವದಿಂದ ಹಿಡಿದು ಬರೀ ಶಬ್ದಗಳವರೆಗೆ ಕಲಿಕೆಯ ಅನುಭವಗಳನ್ನು ಅದರಲ್ಲಿ ಜೋಡಿಸಿದ್ದರು, ಅಷ್ಟೇ. ಅಲ್ಲಿ ಒಂದೂ ಶೇಕಡಾವಾರು ಇರಲಿಲ್ಲ. ಅಂಕಿಗಳನ್ನು ಅಂಟಿಸಿದ್ದು ನಂತರದವರು. ಎಲ್ಲವೂ ಹತ್ತರ ಗುಣಕಗಳಲ್ಲೇ ಇರುವುದನ್ನು ನೋಡಿದರೇ ಅನುಮಾನ ಬರಬೇಕು. ಏನು ಓದಿದ್ದು, ಯಾರು ಓದಿದ್ದು, ಎಷ್ಟು ದಿನದ ನಂತರ ಕೇಳಿದ್ದು? ಯಾವುದಕ್ಕೂ ಉತ್ತರವಿಲ್ಲ.

ಒಂದು ಫಾರ್ವರ್ಡ್‌ನಿಂದ ನಷ್ಟವೇನು?

ಕಾರವಾರದ ಮೀನುಗಾರರ ಕೇರಿಯ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಮನೆಮಾತು ಕೊಂಕಣಿ. ಬಲೆ ಬಿಡಿಸುವುದರಲ್ಲಿ ಚುರುಕು, ತರಗತಿಯಲ್ಲಿ ಮೌನ. ‘ಇವನು ಕೈಯಿಂದ ಕಲಿಯುವವನು’ ಎಂದು ಒಮ್ಮೆ ಚೀಟಿ ಹಚ್ಚಿದರೆ ಅವನ ಪಾಲಿಗೆ ಮಣ್ಣು, ಕಡ್ಡಿ, ಬಣ್ಣದ ಕೆಲಸ ಹೆಚ್ಚುತ್ತದೆ, ಓದು ಕಡಿಮೆಯಾಗುತ್ತದೆ. ಆದರೆ ಓದಲು ಕಲಿಯುವುದಕ್ಕೆ ಓದುವುದನ್ನು ಬಿಟ್ಟು ಬೇರೆ ದಾರಿಯಿಲ್ಲ. ಐದನೇ ತರಗತಿಗೆ ಬರುವಾಗ ಅವನು ಹಿಂದೆ ಬಿದ್ದಿರುತ್ತಾನೆ. ‘ಅವನ ಶೈಲಿಯೇ ಹಾಗೆ’ ಎಂದು ಎಲ್ಲರೂ ಒಪ್ಪಿಕೊಂಡೂ ಇರುತ್ತಾರೆ. ಇಂಥ ಚೀಟಿ ಅಂಕೋಲೆಯ ಹಾಲಕ್ಕಿ ಮನೆಯ ಹುಡುಗಿಗೂ ಸುಲಭವಾಗಿ ಅಂಟುತ್ತದೆ.

‘ತುಳಸಿ ಗೌಡರು ಶಾಲೆಗೆ ಹೋಗದೆ ಕೈಯಿಂದಲೇ ಕಲಿಯಲಿಲ್ಲವೇ?’ ಎಂದು ಯಾರಾದರೂ ಕೇಳಬಹುದು. ನಿಜ, ಅಂಕೋಲಾ ತಾಲೂಕಿನ ಹೊನ್ನಳ್ಳಿಯ ಆ ಅಜ್ಜಿ, 2020ರ ಪದ್ಮಶ್ರೀ ಪುರಸ್ಕೃತೆ, ಕಾಡಿನ ಗಿಡಮರಗಳ ಬಗ್ಗೆ ತಿಳಿದಿದ್ದಷ್ಟು ಓದಿದವರಿಗೂ ತಿಳಿದಿರಲಿಲ್ಲ. ಅದರ ಹಿಂದೆ ಇದ್ದದ್ದು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕೆಲಸ. ಅವರಿಗೆ ಶಾಲೆ ಸಿಗದೇ ಹೋದದ್ದು ಬಡತನದಿಂದ. ಅದನ್ನು ‘ಕಲಿಕಾ ಶೈಲಿ’ ಎನ್ನಲಾಗದು.

ಹಾಗಾದರೆ ಕೆಲಸಕ್ಕೆ ಬರುವುದು ಯಾವುದು?

ಮಗು ಈಗಾಗಲೇ ಏನು ಬಲ್ಲದು ಎಂಬುದು ಎಲ್ಲಕ್ಕಿಂತ ಮುಖ್ಯ. ಹೊಸ ತಿಳಿವು ಹಳೆಯ ತಿಳಿವಿಗೆ ಕೊಂಡಿ ಹಾಕಿಕೊಂಡೇ ನಿಲ್ಲುತ್ತದೆ. ಪಿಯಾಜೆ ಮತ್ತು ವೈಗಾಟ್‌ಸ್ಕಿ (ಇಬ್ಬರೂ ಹುಟ್ಟಿದ್ದು 1896ರಲ್ಲಿ) ಎಷ್ಟೋ ವಿಷಯದಲ್ಲಿ ಬೇರೆ ಬೇರೆ ಮಾತಾಡಿದರೂ, ಮಗು ಖಾಲಿ ಪಾತ್ರೆಯಲ್ಲ ಎಂಬಲ್ಲಿ ಒಂದೇ ಕಡೆ ಇದ್ದಾರೆ.

ಈ ಊರುಗಳಲ್ಲಿ ಮಕ್ಕಳು ಹೊತ್ತು ತರುವ ತಿಳಿವು ಸಣ್ಣದಲ್ಲ. ಭರತ ಇಳಿತದ ಹೊತ್ತು ಗೊತ್ತು. ಬಂಗಡೆ ದರ ಬೆಳಗ್ಗೆಗೂ ಸಂಜೆಗೂ ಹೇಗೆ ಬದಲಾಗುತ್ತದೆ ಎಂದು ಗೊತ್ತು. ಉಪ್ಪು ಹಾಕಿ ಬಿಸಿಲಿಗೆ ಹರಡಿದ ಮೀನು ಹೇಗೆ ಒಣಗುತ್ತದೆ ಎಂದು ಗೊತ್ತು. ‘ಆವಿಯಾಗುವಿಕೆ’ ಪಾಠಕ್ಕೆ ಅಲ್ಲಿಂದಲೇ ಹೊರಟು, ಪಕ್ಕದ ಸಾಣಿಕಟ್ಟೆಯ ಉಪ್ಪಿನ ಗದ್ದೆಗೆ ಹೋಗಿ, ಆಮೇಲೆ ಪುಸ್ತಕ ತೆರೆಯಬಹುದು. ಲೆಕ್ಕಕ್ಕೆ ಕಂಡರಿಯದ ಸೇಬು ಯಾಕೆ? 2023ರಲ್ಲಿ ಜಿಐ ಟ್ಯಾಗ್ ಪಡೆದ ಅಂಕೋಲೆಯ ಕರಿ ಇಶಾಡ ಮಾವು ಇದೆಯಲ್ಲ!

ಭಾಷೆಯೂ ಇದೇ ತಿಳಿವಿನ ಭಾಗ. ಮನೆಯಲ್ಲಿ ‘ಘರ’, ‘ಉದಕ’ ಎನ್ನುವ ಮಗು ಶಾಲೆಯಲ್ಲಿ ‘ಮನೆ’, ‘ನೀರು’ ಎಂಬ ಶಬ್ದ, ಅದರ ಅಕ್ಷರ, ಪಾಠದ ವಿಷಯ ಮೂರನ್ನೂ ಒಟ್ಟಿಗೆ ಕಲಿಯಬೇಕು. ಹಾಲಕ್ಕಿಗಳ ಕನ್ನಡಕ್ಕೂ ಪುಸ್ತಕದ ಕನ್ನಡಕ್ಕೂ ದೂರವಿದೆ. ಆ ಮಗುವಿನ ಮೌನವನ್ನು ದಡ್ಡತನ ಅಂದುಕೊಂಡರೆ ತಪ್ಪು ನಮ್ಮದು. ಮೊದಲು ಮನೆಮಾತಿನಲ್ಲೇ ಉತ್ತರ ಹೇಳಲು ಬಿಟ್ಟು, ನಂತರ ಕನ್ನಡದ ಶಬ್ದ ಜೋಡಿಸಿದರೆ ಮಗು ಮಾತಾಡುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕನಿಷ್ಠ ಐದನೇ ತರಗತಿವರೆಗೆ, ಸಾಧ್ಯವಿದ್ದಲ್ಲೆಲ್ಲ, ಮನೆಮಾತಿನಲ್ಲಿ ಕಲಿಸಬೇಕು ಎನ್ನುತ್ತದೆ.

ಇನ್ನೊಂದು, ಓದಿಸುವುದಕ್ಕಿಂತ ಕೇಳುವುದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಸಂಶೋಧಕರು ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟರು. ಕೆಲವರು ಅದನ್ನೇ ನಾಲ್ಕು ಸುತ್ತು ಓದಿದರು. ಕೆಲವರು ಒಂದು ಸುತ್ತು ಓದಿ, ಮೂರು ಸಲ ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಓದಿದವರೇ ಮುಂದಿದ್ದರು. ವಾರದ ನಂತರ ಕಥೆ ತಿರುಗಿತು: ನೆನಪಿನಿಂದ ಬರೆದವರಿಗೆ ಸುಮಾರು ಶೇ. 61, ಓದಿದವರಿಗೆ ಸುಮಾರು ಶೇ. 40 ಮಾತ್ರ ನೆನಪಿತ್ತು. ಶಾಲಾ ಮಕ್ಕಳ ಮೇಲೆ ನಡೆದ ಪ್ರಯೋಗಗಳಲ್ಲೂ ಫಲ ಇದೇ ದಿಕ್ಕಿನಲ್ಲಿದೆ.

ಇದಕ್ಕೆ ಖರ್ಚಿಲ್ಲ. 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹದ ಪಾಠ ಇಂದು ಆಯಿತು ಎನ್ನಿ. ನಾಳೆ ಪುಸ್ತಕ ಮುಚ್ಚಿಸಿ ಮೂರು ಪ್ರಶ್ನೆ ಕೇಳಿ, ಮುಂದಿನ ವಾರ ಮತ್ತೆರಡು. ಅಂಕ ಬೇಡ, ಬೈಗುಳ ಬೇಡ, ತಪ್ಪಿದರೆ ಅಲ್ಲೇ ಸರಿಪಡಿಸಿ. ಇದು ಬಾಯಿಪಾಠವಲ್ಲ. ಉಪ್ಪಿಗೇ ಯಾಕೆ ಸತ್ಯಾಗ್ರಹ ಮಾಡಿದರು ಎಂದು ಕೇಳಿದಾಗ ಮಗು ಅರ್ಥವನ್ನೇ ನೆನಪಿಸಿಕೊಳ್ಳಬೇಕಾಗುತ್ತದೆ. (ದೀಪ ಹಚ್ಚುವ ಹೊತ್ತಿಗೆ ಮಗ್ಗಿ ಕೇಳುತ್ತಿದ್ದ ಅಜ್ಜಿಯರು ಈ ಸಂಶೋಧನೆ ಓದಿರಲಿಲ್ಲ ಬಿಡಿ.)

ನಲಿಕಲಿಯ ಗುಂಪು ಬೇರೆ

‘ನಲಿಕಲಿಯಲ್ಲೂ ಮಕ್ಕಳನ್ನು ಗುಂಪು ಮಾಡುತ್ತಾರಲ್ಲ’ ಎನ್ನಬಹುದು. 1995ರಲ್ಲಿ ಎಚ್.ಡಿ. ಕೋಟೆಯ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದು ಆರಂಭಿಸಿದ ಈ ಪದ್ಧತಿ ನಂತರ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಅಲ್ಲಿ ಗುಂಪು ಆಗುವುದು ಮಗು ಯಾವ ಮೆಟ್ಟಿಲಲ್ಲಿದೆ, ಅದಕ್ಕೆ ಎಷ್ಟು ಸಹಾಯ ಬೇಕು ಎಂಬುದರ ಮೇಲೆ. ಇಂದು ಶಿಕ್ಷಕರ ಪೂರ್ತಿ ಸಹಾಯ ಬೇಕಾದ ಮಗು ನಾಳೆ ಗೆಳೆಯರ ಜೊತೆ, ನಾಡಿದ್ದು ತಾನೇ ಮಾಡುತ್ತದೆ. ವೈಗಾಟ್‌ಸ್ಕಿ ಹೇಳಿದ್ದೂ ಇದನ್ನೇ: ಇಂದು ಸಹಾಯದಿಂದ ಮಾಡುವುದನ್ನು ನಾಳೆ ಮಗು ತಾನಾಗಿ ಮಾಡಬಲ್ಲದು. ಮೆಟ್ಟಿಲು ಬದಲಾಗುತ್ತದೆ, ‘ಶೈಲಿ’ಯ ಚೀಟಿ ಮಾತ್ರ ಅಂಟಿಕೊಂಡೇ ಇರುತ್ತದೆ.

ಬೆರಳಚ್ಚು ನೋಡಿ ಹೇಳುವವರು

ಕೆಲವರು ಮಗುವಿನ ಬೆರಳಚ್ಚು ಸ್ಕ್ಯಾನ್ ಮಾಡಿ ಅದರ ಬುದ್ಧಿಯ ಬಗೆ, ಕಲಿಕೆಯ ಶೈಲಿ ಹೇಳುತ್ತೇವೆಂದು ಸಾವಿರಾರು ರೂಪಾಯಿ ಕೇಳುತ್ತಾರೆ. ಬೆರಳಿನ ಗೆರೆಗಳು ತಾಯಿಯ ಹೊಟ್ಟೆಯಲ್ಲೇ ಮೂಡುತ್ತವೆ. ಮಗು ಗಣಿತ ಹೇಗೆ ಕಲಿಯುತ್ತದೆಂದು ಅವು ಹೇಳುತ್ತವೆ ಎನ್ನುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಇವರು ಹೆಸರು ಹೇಳುವ ಹೊವರ್ಡ್ ಗಾರ್ಡ್ನರ್ 1983ರಲ್ಲಿ ಬಹುಬುದ್ಧಿಗಳ ಸಿದ್ಧಾಂತ ಮಂಡಿಸಿದವರು. ತಮ್ಮ ಸಿದ್ಧಾಂತಕ್ಕೂ ಕಲಿಕಾ ಶೈಲಿಗೂ ಸಂಬಂಧವಿಲ್ಲ ಎಂದು 2013ರಲ್ಲಿ ಅವರೇ ಸ್ಪಷ್ಟಪಡಿಸಿದ್ದಾರೆ.

ಮಗು ಬೋರ್ಡ್ ಕಡೆ ನೋಡುವುದೇ ಇಲ್ಲ ಎಂದಾದರೆ ಅದು ‘ಕಣ್ಣಿನ ಬಗೆ’ ಅಲ್ಲದಿರುವುದು ಕಾರಣವಲ್ಲ, ಕನ್ನಡಕ ಬೇಕಾಗಿರಬಹುದು. ಕರೆದರೆ ತಿರುಗದಿದ್ದರೆ ಕಿವಿ ಪರೀಕ್ಷೆ ಮಾಡಿಸಿ. ಅಕ್ಷರಗಳು ಗೊತ್ತಿದ್ದೂ ಎರಡು ಮೂರು ವರ್ಷವಾದರೂ ಓದು ಕೂಡಿಬರದಿದ್ದರೆ ಡಿಸ್ಲೆಕ್ಸಿಯಾ ಇದೆಯೇ ಎಂದು ತಜ್ಞರಿಗೆ ತೋರಿಸಿ. ಸರ್ಕಾರಿ ಶಾಲೆಗಳಿಗೆ ಮಕ್ಕಳ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ ತಂಡದ ಕಣ್ಣು, ಕಿವಿ ತಪಾಸಣೆ ಉಚಿತ. ತಂಡ ಬರುವ ದಿನ ಯಾವುದೆಂದು ಮುಖ್ಯೋಪಾಧ್ಯಾಯರನ್ನು ಕೇಳಿ, ಅಂದು ಮಗುವನ್ನು ತಪ್ಪದೆ ಶಾಲೆಗೆ ಕಳುಹಿಸಿ.