ಮೊಟ್ಟೆಯ ಮೇಲಣ ಅಂಕೆ

ಮನೆಯ ಹಿತ್ತಲಿನಲ್ಲಿ ಹತ್ತು ಹನ್ನೆರಡು ಕೋಳಿಗಳನ್ನು ಸಾಕಿಕೊಂಡಿರುವ ಗೃಹಿಣಿಗೆ ವಾರಕ್ಕೊಮ್ಮೆಯಾದರೂ ಒಂದು ಪ್ರಶ್ನೆಯು ಎದುರಾಗದೆ ಇರದು. ಮನೆಯವರ ಉಪಯೋಗಕ್ಕೆ ಮಿಕ್ಕ ಮೊಟ್ಟೆಗಳನ್ನು ಯಾರಿಗೆ ಮಾರತಕ್ಕುದು, ಯಾವ ಕ್ರಯಕ್ಕೆ ಮಾರತಕ್ಕುದು ಎಂಬುದೇ ಆ ಪ್ರಶ್ನೆ. ರಾಜ್ಯಗಳ ಏಳುಬೀಳುಗಳನ್ನು ಓದಿ ರೂಢಿಯಾದ ವಾಚಕರಿಗೆ ಇದು ಚರಿತ್ರೆಯ ವಿಷಯವೇ ಅಲ್ಲವೆಂದು ತೋರಬಹುದು. ಆದರೂ ಯೂರೋಪು ಖಂಡದ ಉತ್ತರದಲ್ಲಿರುವ ಡೆನ್ಮಾರ್ಕೆಂಬ ಸಣ್ಣ ದೇಶದ ರೈತರು ೧೮೯೫ನೆಯ ಇಸವಿಯಲ್ಲಿ ಈ ಅಲ್ಪಪ್ರಶ್ನೆಗೆ ಕೊಟ್ಟ ಉತ್ತರವು ಬಹುದೂರದವರೆಗೆ ಪರಿಣಾಮಕಾರಿಯಾಯಿತು.

ಪ್ರಶ್ನೆಯೇನೋ ಬಹು ಹಳೆಯದು. ರೋಮಿನ ಕೃಷಿಗ್ರಂಥಕಾರರಾದ ವರ್ರೋ ಮತ್ತು ಕೊಲುಮೆಲ್ಲಾ ಎಂಬವರು, ಮೊಟ್ಟೆಗಳನ್ನು ಕೆಲವು ಗಳಿಗೆ ಉಪ್ಪಿನಲ್ಲಿಟ್ಟು, ತೊಳೆದು, ತವುಡಿನಲ್ಲೋ ಹೊಟ್ಟಿನಲ್ಲೋ ಹುಗಿದು ಕಾಯ್ದಿಡುವ ಕ್ರಮವನ್ನು ಬರೆದಿಟ್ಟಿದ್ದಾರೆ. ಅಗ್ಗದ ಕಾಲದ ಮೊಟ್ಟೆಯನ್ನು ತುಟ್ಟಿಯ ಕಾಲದವರೆಗೆ ಉಳಿಸಿಕೊಳ್ಳುವ ಆಸೆಯು ಅಂದೂ ಇದ್ದಿತೆಂದು ಇದರಿಂದ ಊಹಿಸಬಹುದು. ಕ್ರಿ. ಶ. ೩೦೧ರಲ್ಲಿ ಡಯೋಕ್ಲೀಷಿಯನ್ ಚಕ್ರವರ್ತಿಯು ಹೊರಡಿಸಿದ ಬೆಲೆಕಟ್ಟಿನ ಶಾಸನದಲ್ಲಿ ನಾಲ್ಕು ಮೊಟ್ಟೆಗಳಿಗೆ ನಾಲ್ಕು ದಿನಾರಿಯೆಂದು ಗೊತ್ತುಮಾಡಿದೆ. ಹೊಲದ ಕೂಲಿಯವನಿಗೆ ಊಟವಲ್ಲದೆ ದಿನವೊಂದಕ್ಕೆ ೨೫ ದಿನಾರಿಗಳು. ಈ ಕಟ್ಟನ್ನು ಮೀರಿದವರಿಗೆ ಮರಣದಂಡನೆ! ಅಷ್ಟಾದರೂ ಶಾಸನವು ಹೆಚ್ಚು ಕಾಲ ನಿಲ್ಲಲಿಲ್ಲ. ಅದರ ಭಯದಿಂದ ಸರಕುಗಳೇ ಪೇಟೆಯಿಂದ ಮರೆಯಾದುವೆಂದು ಲಾಕ್ಟಾಂಟಿಯಸ್ ಎಂಬ ಸಮಕಾಲೀನ ಲೇಖಕನು ದೂರಿದ್ದಾನೆ. ಚಕ್ರವರ್ತಿಯ ಕತ್ತಿಯಿಂದ ಆಗದ ಕಾರ್ಯವು ಡೇನರ ದೇಶದಲ್ಲಿ ಒಂದು ರಬ್ಬರು ಮುದ್ರೆಯಿಂದ ಆದುದು ಹೇಗೆಂಬುದು ವಿಚಾರಯೋಗ್ಯವಾಗಿದೆ.

ಡೆನ್ಮಾರ್ಕು ೧೮೬೪ರ ಯುದ್ಧದಲ್ಲಿ ಷ್ಲೆಸ್ವಿಗ್ ಮತ್ತು ಹೋಲ್‌ಸ್ಟೈನ್ ಪ್ರಾಂತಗಳನ್ನು ಕಳೆದುಕೊಂಡಿತು. ಅನಂತರದ ದಶಕದಲ್ಲಿ ಅಮೆರಿಕದ ಗೋಧಿಯು ಹಡಗು ಹಡಗಾಗಿ ಬಂದಿಳಿಯಲು, ಧಾನ್ಯವನ್ನು ಮಾರಿ ಜೀವಿಸುತ್ತಿದ್ದ ಅಲ್ಲಿನ ರೈತನಿಗೆ ದಿಕ್ಕು ತೋರದಂತಾಯಿತು. ಆಗ ಅವರು ಧಾನ್ಯವನ್ನು ಮಾರುವುದನ್ನು ಬಿಟ್ಟು, ಅದನ್ನು ಹಸುವಿಗೂ ಹಂದಿಗೂ ತಿನ್ನಿಸಿ, ಬೆಣ್ಣೆಯನ್ನೂ ಮಾಂಸವನ್ನೂ ಇಂಗ್ಲೆಂಡಿಗೆ ಕಳುಹಿಸತೊಡಗಿದರು. ೧೮೮೨ರಲ್ಲಿ ಜಟ್ಲೆಂಡಿನ ಹೆಡ್ಡಿಂಗ್ ಎಂಬಲ್ಲಿ ಮೊದಲನೆಯ ಸಹಕಾರೀ ಹಾಲಿನ ಕೇಂದ್ರವೂ, ೧೮೮೭ರಲ್ಲಿ ಹೋರ್ಸೆನ್ಸ್ ಪಟ್ಟಣದಲ್ಲಿ ಮೊದಲನೆಯ ಸಹಕಾರೀ ಹಂದಿಮಾಂಸದ ಕಾರ್ಖಾನೆಯೂ ಸ್ಥಾಪಿತವಾದುವು. ಇವುಗಳ ವೃತ್ತಾಂತವನ್ನು ಸಹಕಾರ ಗ್ರಂಥಗಳಲ್ಲೆಲ್ಲಾ ಕಾಣಬಹುದು. ಕೋಳಿಯ ವಿಚಾರವು ಮಾತ್ರ ಹಿಂದೆ ಬಿದ್ದಿತು. ಹಸುವು ಯಜಮಾನನ ಸೊತ್ತು, ಕೋಳಿಯು ಯಜಮಾನಿಯದು. ಅದರ ಹಣವು ಉಪ್ಪು, ಸಕ್ಕರೆ, ಮಕ್ಕಳ ಬಟ್ಟೆಗಳಿಗೆ ಹೋಗುವ ಚಿಲ್ಲರೆಯೆಂದು ಎಣಿಸಿದ್ದರಿಂದ ಗಂಡಸರು ಅದರ ಕಡೆಗೆ ಬಹುಕಾಲ ಕಣ್ಣೆತ್ತಿ ನೋಡಲಿಲ್ಲ.

ಆ ಕಾಲದಲ್ಲಿ ಮೊಟ್ಟೆಯ ವ್ಯಾಪಾರವು ನಡೆಯುತ್ತಿದ್ದ ಬಗೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯಕ. ವರ್ತಕನು ಮೊಟ್ಟೆಗಳನ್ನು ‘ಸ್ನೇಸ್’ ಎಂಬ ಲೆಕ್ಕದಿಂದ ಕೊಳ್ಳುತ್ತಿದ್ದನು. ಸ್ನೇಸ್ ಎಂದರೆ ಇಪ್ಪತ್ತು. ಇಪ್ಪತ್ತಕ್ಕೆ ಇಷ್ಟೆಂದು ಒಂದೇ ಕ್ರಯ. ದೊಡ್ಡದಾದರೂ ಅದೇ, ಸಣ್ಣದಾದರೂ ಅದೇ. ನಿನ್ನೆ ಇಟ್ಟುದಾದರೂ ಅದೇ, ತಿಂಗಳ ಹಿಂದಿನದಾದರೂ ಅದೇ. ಈ ಪದ್ಧತಿಯು ಮೇಲುನೋಟಕ್ಕೆ ಸರಳವಾಗಿ ಕಂಡರೂ ಅದರೊಳಗೊಂದು ಅನ್ಯಾಯವು ಅಡಗಿತ್ತು. ಒಬ್ಬಾಕೆಯ ಮೊಟ್ಟೆಯು ಒಂದೊಂದು ೨.೪ ಔನ್ಸು ತೂಗುವುದೆಂದೂ, ನೆರೆಮನೆಯಾಕೆಯದು ೨ ಔನ್ಸೇ ತೂಗುವುದೆಂದೂ ಭಾವಿಸೋಣ. ಮೊದಲನೆಯಾಕೆಯ ಇಪ್ಪತ್ತು ಮೊಟ್ಟೆಗಳಲ್ಲಿ ೩ ಪೌಂಡು ಆಹಾರವಿದೆ. ಎರಡನೆಯಾಕೆಯದರಲ್ಲಿ ಎರಡೂವರೆ ಪೌಂಡು ಮಾತ್ರ. ಇಬ್ಬರಿಗೂ ದೊರೆಯುವ ಹಣವು ಒಂದೇ. ಹಾಗಿರುವಾಗ ಒಳ್ಳೆಯ ತಳಿಯನ್ನು ತಂದು, ಒಳ್ಳೆಯ ಕಾಳನ್ನು ಹಾಕಿ, ಗೂಡನ್ನು ಚೊಕ್ಕಟವಾಗಿಡುವ ಶ್ರಮವನ್ನು ಯಾರು ತಾನೆ ಪಡುವರು? ಎಣಿಕೆಯ ಕ್ರಯವು ಶ್ರದ್ಧೆಯುಳ್ಳವಳಿಂದ ಕಿತ್ತು ಅಶ್ರದ್ಧೆಯವಳಿಗೆ ಕೊಡುವ ಒಂದು ಬಗೆಯ ಕಂದಾಯವಾಗಿತ್ತು.

ಇದಕ್ಕಿಂತಲೂ ದೊಡ್ಡ ಕೇಡು ಕಾಲದ್ದು. ಹಗಲು ಕುಗ್ಗಿದಂತೆಲ್ಲಾ ಕೋಳಿಯು ಇಡುವುದು ಕಡಮೆಯಾಗುವುದು. ಉತ್ತರದೇಶಗಳಲ್ಲಿ ಚಳಿಗಾಲದ ಹಗಲು ಬಹು ಅಲ್ಪವಾದುದರಿಂದ ಅಲ್ಲಿ ವಸಂತದಲ್ಲಿ ಮೊಟ್ಟೆಯ ಸುಗ್ಗಿ, ಶರತ್ಕಾಲದಿಂದ ಮುಂದಕ್ಕೆ ಬರಗಾಲ. ಬೆಲೆಯು ಅದಕ್ಕೆ ತಕ್ಕಂತೆ ಏರುವುದು. ಮೊಟ್ಟೆಯನ್ನು ಬಚ್ಚಿಟ್ಟು ಕಾಯುವ ಆಸೆಯು ರೈತನ ಹೆಂಡತಿಗೂ ಉಂಟಾಯಿತು, ಹಳ್ಳಿಯ ಅಂಗಡಿಯವನಿಗೂ ಉಂಟಾಯಿತು, ಪಟ್ಟಣದ ಸಗಟು ವರ್ತಕನಿಗೂ ಉಂಟಾಯಿತು. ವರ್ತಕರು ಸುಣ್ಣದ ತಿಳಿನೀರಿನಲ್ಲಿ ಮೊಟ್ಟೆಗಳನ್ನು ತಿಂಗಳುಗಟ್ಟಲೆ ಇಡುತ್ತಿದ್ದರು. ಹೀಗೆ ಮೂರು ಕೈಗಳಲ್ಲಿ ತಂಗಿ ತಂಗಿ ಬಂದ ಮೊಟ್ಟೆಯು ಸಮುದ್ರವನ್ನು ದಾಟಿ ಲಂಡನ್ನಿನ ಗೃಹಸ್ಥನ ಬೆಳಗಿನ ಊಟದ ಮೇಜಿಗೆ ಬಂದಾಗ ಅದರ ಸ್ಥಿತಿಯು ಹೇಗಿರಬಹುದೆಂಬುದನ್ನು ವರ್ಣಿಸಬೇಕಾಗಿಲ್ಲ. ಡೇನರ ಬೆಣ್ಣೆಗೆ ಇಂಗ್ಲೆಂಡಿನಲ್ಲಿ ಮರ್ಯಾದೆಯಿದ್ದಂತೆ ಅವರ ಮೊಟ್ಟೆಗೆ ಇರಲಿಲ್ಲ. ಕೆಟ್ಟ ಮೊಟ್ಟೆಯೊಂದು ಪೆಟ್ಟಿಗೆಯಲ್ಲಿ ಸಿಕ್ಕಿತೆಂದರೆ ಅದು ಯಾವ ಊರಿನದು, ಯಾವ ಮನೆಯದು ಎಂದು ಹೇಳುವವರಾರು? ಅಪರಾಧವು ಒಬ್ಬರದಾದರೂ ಕೆಟ್ಟ ಹೆಸರು ಇಡೀ ದೇಶಕ್ಕೆ ಬರುತ್ತಿತ್ತು. ಕ್ರಯವೂ ಆ ಕೆಟ್ಟ ಹೆಸರಿಗೆ ತಕ್ಕಷ್ಟೇ ದೊರೆಯುತ್ತಿತ್ತು.

೧೮೯೫ರಲ್ಲಿ ‘ಡಾನ್ಸ್ಕ್ ಆಂಡೆಲ್ಸ್ ಎಗ್‌ಎಕ್ಸ್‌ಪೋರ್ಟ್’ ಎಂಬ ಸಹಕಾರೀ ಮೊಟ್ಟೆ ರಫ್ತು ಸಂಘವು ಹುಟ್ಟಿದುದು ಈ ರೋಗಕ್ಕೆ ಮದ್ದಾಗಿ. ಅದರ ಏರ್ಪಾಡು ಹೀಗಿತ್ತು. ಹಳ್ಳಿಹಳ್ಳಿಗಳಲ್ಲಿ ಮೊಟ್ಟೆಯ ಮಂಡಲಗಳು ಏರ್ಪಟ್ಟುವು. ಪ್ರತಿ ಮಂಡಲಕ್ಕೂ ಒಂದು ಅಂಕೆ, ಮಂಡಲದ ಪ್ರತಿ ಸದಸ್ಯನಿಗೂ ಒಂದು ಅಂಕೆ. ಮನೆಯಲ್ಲಿಯೇ ಒಂದೊಂದು ಮೊಟ್ಟೆಯ ಸಿಪ್ಪೆಯ ಮೇಲೂ ಈ ಎರಡು ಅಂಕೆಗಳನ್ನು ಮಸಿಯಿಂದ ಒತ್ತತಕ್ಕುದು. ಮನೆಯ ಊಟಕ್ಕೂ ಮರಿಮಾಡಿಸುವುದಕ್ಕೂ ಬೇಕಾದಷ್ಟನ್ನು ಇಟ್ಟುಕೊಂಡು ಮಿಕ್ಕುದೆಲ್ಲವನ್ನೂ ಸಂಘಕ್ಕೇ ಕೊಡತಕ್ಕುದು. ಏಳು ದಿನಗಳಿಗಿಂತ ಹಳೆಯದನ್ನು ಕೊಡಕೂಡದು. ಹುಲ್ಲುಬಣವೆಯ ಮರೆಯಲ್ಲಿ ಅಕಸ್ಮಾತ್ತಾಗಿ ಸಿಕ್ಕಿದ, ಎಂದು ಇಟ್ಟುದೋ ತಿಳಿಯದ ಮೊಟ್ಟೆಗಳನ್ನು ಸೇರಿಸಲೇ ಕೂಡದು. ವಾರವಾರವೂ ಸಂಘದ ಗಾಡಿಯು ಮನೆಬಾಗಿಲಿಗೆ ಬರುತ್ತಿತ್ತು; ಕೆಲವೆಡೆಗಳಲ್ಲಿ ಹಾಲಿನ ಗಾಡಿಯಲ್ಲಿಯೇ ಮೊಟ್ಟೆಯೂ ಹೋಗುತ್ತಿತ್ತು. ಕ್ರಯವನ್ನು ಎಣಿಸಿ ಕೊಡದೆ ತೂಗಿ ಕೊಟ್ಟರು. ವರ್ಷದ ಕೊನೆಯಲ್ಲಿ ಲಾಭವು ಉಳಿದರೆ ಅದನ್ನೂ ಅವರವರು ಕೊಟ್ಟ ತೂಕಕ್ಕೆ ಅನುಸಾರವಾಗಿ ಹಂಚಿದರು.

ಮೊಟ್ಟೆಗಳು ಅಲ್ಲಿಂದ ಪಟ್ಟಣದ ಕೇಂದ್ರಕ್ಕೆ ಬಂದಾಗ ಅವುಗಳನ್ನು ದೀಪದ ಪೆಟ್ಟಿಗೆಯ ಮೇಲೆ ಸಾಲಾಗಿಟ್ಟು ಪರೀಕ್ಷಿಸುತ್ತಿದ್ದರು. ಹೊಸ ಮೊಟ್ಟೆಯು ಬೆಳಕಿಗೆ ತಿಳಿಯಾಗಿ ಹೊಳೆಯುವುದು, ಅದರ ದಪ್ಪ ತುದಿಯ ಗಾಳಿಗುಳಿಯು ಅತಿ ಚಿಕ್ಕದಾಗಿರುವುದು. ದಿನ ಕಳೆದಂತೆ ಸಿಪ್ಪೆಯ ಸೂಕ್ಷ್ಮರಂಧ್ರಗಳಿಂದ ಒಳಗಿನ ನೀರು ಆವಿಯಾಗಿ ಗುಳಿಯು ಹಿಗ್ಗುವುದು, ತೂಕವು ಕುಗ್ಗುವುದು. ಇಲ್ಲೊಂದು ಚಮತ್ಕಾರವನ್ನು ಗಮನಿಸಬೇಕು. ತೂಕದ ಕ್ರಯವು ಸಣ್ಣ ಮೊಟ್ಟೆಗೆ ಮಾತ್ರವಲ್ಲ, ಹಳೆಯ ಮೊಟ್ಟೆಗೂ ಶಿಕ್ಷೆಯಾಗಿತ್ತು; ಬಚ್ಚಿಟ್ಟವಳ ಬುಟ್ಟಿಯು ದಿನದಿನಕ್ಕೂ ಹಗುರವಾಗುತ್ತಿತ್ತು. ಪರೀಕ್ಷೆಯಲ್ಲಿ ಕೆಟ್ಟುದೊಂದು ಕಂಡುಬಂದರೆ ಸಿಪ್ಪೆಯ ಮೇಲಿನ ಅಂಕೆಯು ಸಾಕ್ಷಿ ಹೇಳುತ್ತಿತ್ತು. ಕೊಟ್ಟವರಿಗೆ ೫ ಕ್ರೋನರ್ ದಂಡ. ಹಲವು ಡಜನು ಮೊಟ್ಟೆಗಳ ಬೆಲೆ ಅದು. ಕಳ್ಳತೂಕಕ್ಕೂ ಕೀಳುಸರಕನ್ನು ಮೇಲೆಂದು ಮಾರುವುದಕ್ಕೂ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದಂಡಗಳು ವಿಹಿತವಾಗಿರುವುದನ್ನು ಬಲ್ಲವರು ಬಲ್ಲರು. ಆದರೆ ಅಲ್ಲಿ ದಂಡಿಸುವವನು ರಾಜನು. ಇಲ್ಲಿಯಾದರೋ ಮಾರುವವರೇ ಸಭೆ ಸೇರಿ ತಮ್ಮ ಮೇಲೆ ತಾವೇ ದಂಡವನ್ನು ವಿಧಿಸಿಕೊಂಡರು.

ಪರೀಕ್ಷಿತವಾದ ಮೊಟ್ಟೆಗಳನ್ನು ತೂಕದ ಪ್ರಕಾರ ವಿಂಗಡಿಸಿ ಕಟ್ಟುತ್ತಿದ್ದರು. ಇಂಗ್ಲೆಂಡಿನ ಮೊಟ್ಟೆಯ ಪೇಟೆಯಲ್ಲಿ ‘ದೊಡ್ಡ ನೂರು’ ಎಂಬ ಲೆಕ್ಕವಿತ್ತು, ಅದು ೧೨೦. ಒಂದು ದೊಡ್ಡ ನೂರು ೧೫ ಪೌಂಡು ತೂಗುವ ಮೊಟ್ಟೆಗಳು ಒಂದು ವರ್ಗ, ೧೮ ಪೌಂಡು ತೂಗುವುವು ಇನ್ನೊಂದು ವರ್ಗ, ನಡುವೆ ಬೇರೆ ವರ್ಗಗಳು. ಪೆಟ್ಟಿಗೆಯನ್ನು ಬಿಚ್ಚಿ ನೋಡದೆಯೇ ಕೊಳ್ಳುವವನಿಗೆ ಒಳಗಿರುವುದೇನೆಂದು ಗೊತ್ತಾಗುವಂತಾಯಿತು. ಇದರಿಂದ ಡೇನರ ಮೊಟ್ಟೆಗೆ ಮೇಲಾದ ಕ್ರಯವು ಸಿಕ್ಕಿತು. ಆ ಹೆಚ್ಚಿನ ಕ್ರಯದಲ್ಲಿ ಹೆಚ್ಚು ಪಾಲು ವಿಶ್ವಾಸದ ಬೆಲೆಯೆಂದರೆ ತಪ್ಪಾಗದು.

ಈ ಸಂಘದ ಯಶಸ್ಸಿಗೆ ಗ್ರುಂಡ್ಟ್ವಿಗ್ ಮಹಾಶಯನ ಜನತಾ ಪ್ರೌಢಶಾಲೆಗಳೇ ಕಾರಣವೆಂದು ಕೆಲವರು ಬರೆಯುತ್ತಾರೆ. ೧೮೪೪ರಲ್ಲಿ ರೋಡ್ಡಿಂಗ್ ಎಂಬಲ್ಲಿ ಮೊದಲ್ಗೊಂಡ ಆ ಶಾಲೆಗಳು ರೈತರ ಮಕ್ಕಳಿಗೆ, ಚಳಿಗಾಲದಲ್ಲಿ ಯುವಕರಿಗೂ ಬೇಸಗೆಯಲ್ಲಿ ಯುವತಿಯರಿಗೂ, ಚರಿತ್ರೆಯನ್ನೂ ಸಾಹಿತ್ಯವನ್ನೂ ಕಲಿಸುತ್ತಿದ್ದುದು ನಿಜ. ಉಪಾಧ್ಯಾಯವೃತ್ತಿಯವರಿಗೆ ಈ ಮಾತು ಬಹಳ ರುಚಿಸುವುದು. ಆದರೆ ವಿದ್ಯೆಯೊಂದರಿಂದಲೇ ಜನರು ಪ್ರಾಮಾಣಿಕರಾಗಿದ್ದರೆ ಮೊಟ್ಟೆಯ ಮೇಲೆ ಅಂಕೆಯನ್ನು ಒತ್ತುವ ಅಗತ್ಯವೇನಿತ್ತು? ಶಾಲೆಯು ಒಟ್ಟುಗೂಡಿ ಮಾತನಾಡುವುದನ್ನು ಕಲಿಸಿತು. ನಡೆದುಕೊಳ್ಳುವುದನ್ನು ಕಲಿಸಿದುದರಲ್ಲಿ ಮಸಿಯ ಮುದ್ರೆಗೂ ತಕ್ಕಡಿಗೂ ಪಾಲಿದೆ.

ಇನ್ನು, ಈ ಹಣವು ಯಾರದೆಂಬ ಪ್ರಶ್ನೆ ಉಳಿಯಿತು. ವಿವಾಹಿತೆಯು ಸ್ವಂತ ದುಡಿಮೆಯಿಂದ ಗಳಿಸಿದುದನ್ನು ತಾನೇ ವಿನಿಯೋಗಿಸಿಕೊಳ್ಳಬಹುದೆಂದು ಡೆನ್ಮಾರ್ಕಿನಲ್ಲಿ ೧೮೮೦ರಲ್ಲಿ ಕಾನೂನಾಯಿತು. ೧೮೯೯ರಲ್ಲಿ ಆಕೆಗೆ ವ್ಯವಹಾರದಲ್ಲಿ ಪೂರ್ಣಪ್ರೌಢತೆಯೂ ದೊರೆಯಿತು. ಆದರೆ ಕೋಳಿಯು ತಿಂದ ಕಾಳು ಗಂಡನ ಹೊಲದ್ದು, ಕೊಟ್ಟಿಗೆ ಗಂಡನದು, ನೋಡಿಕೊಂಡ ಕೈ ಮಾತ್ರ ಹೆಂಡತಿಯದು. ಅಂಗಡಿಯವನಿಗೆ ಬುಟ್ಟಿಯನ್ನು ಕೊಟ್ಟು ಸಕ್ಕರೆಯನ್ನು ತಂದ ಕಾಲದಲ್ಲಿ ಲೆಕ್ಕವು ಆಕೆಯ ತಲೆಯಲ್ಲಿಯೇ ಇರುತ್ತಿತ್ತು. ಸಂಘದ ಪುಸ್ತಕದಲ್ಲಿ ತೂಕವೂ ಹಣವೂ ಬರೆಯಲ್ಪಟ್ಟ ಮೇಲೆ ಯಜಮಾನನ ಕಣ್ಣೂ ಅದರ ಮೇಲೆ ಬೀಳುವುದು ಸಹಜ. ಐರ್ಲೆಂಡಿನಲ್ಲಿ ಈ ತೊಡಕು ಬಹಿರಂಗವಾಗಿಯೇ ಕಾಣಿಸಿಕೊಂಡಿತು. ಅಲ್ಲಿಯೂ ಹೆಂಗಸರು ಮೊಟ್ಟೆಯನ್ನು ಎಣಿಸಿ ಕೊಟ್ಟು ಚಹಾ ಸಕ್ಕರೆಗಳನ್ನು ಪಡೆಯುತ್ತಿದ್ದರು. ಹೊರೇಸ್ ಪ್ಲಂಕೆಟ್ಟನ ಅನುಯಾಯಿಗಳು ಡೇನರನ್ನು ನೋಡಿ ತೂಕದ ಕ್ರಯದ ಸಂಘಗಳನ್ನು ಕಟ್ಟಹೋದಾಗ, ತಮ್ಮ ಕೈಯ ಕಾಸು ಗಂಡಸರ ಹೆಸರಿನ ಲೆಕ್ಕಕ್ಕೆ ಹೋಗುವುದೆಂದು ಅನೇಕ ಹೆಂಗಸರು ಹಿಂಜರಿದರು. ಸುಧಾರಕರು ಇದನ್ನು ಅಜ್ಞಾನವೆಂದರು. ಹೆಂಗಸರು ಲೆಕ್ಕವನ್ನು ಸರಿಯಾಗಿಯೇ ಮಾಡಿದ್ದರೆಂದು ಈಗ ತೋರುತ್ತದೆ.

ಸಂಘವು ದೇಶದ ವ್ಯಾಪಾರವೆಲ್ಲವನ್ನೂ ವಶಪಡಿಸಿಕೊಂಡಿತೆಂದು ತಿಳಿಯಬಾರದು. ರಫ್ತಿನ ಹೆಚ್ಚು ಭಾಗವು ಖಾಸಗೀ ವರ್ತಕರ ಕೈಯಲ್ಲಿಯೇ ಉಳಿಯಿತು. ಆದರೆ ಅವರೂ ದೀಪದ ಪರೀಕ್ಷೆಯನ್ನೂ ತೂಕದ ಕ್ರಯವನ್ನೂ ಅವಲಂಬಿಸದೆ ನಿರ್ವಾಹವಿಲ್ಲದೆ ಹೋಯಿತು. ಮೊದಲನೆಯ ಮಹಾಯುದ್ಧದಲ್ಲಿ ಹೊರಗಿನ ಮೇವು ನಿಂತು ಕೋಳಿಗಳ ಸಂಖ್ಯೆಯು ಬಹಳ ಇಳಿಯಿತು. ಯುದ್ಧಾನಂತರ ಮತ್ತೆ ಏರಿತು. ೧೯೪೦ರಲ್ಲಿ ಜರ್ಮನರು ದೇಶವನ್ನು ಆಕ್ರಮಿಸಲು ಇಂಗ್ಲೆಂಡಿನ ದಾರಿಯೇ ಮುಚ್ಚಿತು.

ಕನ್ನಡನಾಡಿನಲ್ಲಿ ಸಹಕಾರದ ಬೀಜವು ಬಿದ್ದುದು ಸಾಲದ ಸಂಘಗಳ ರೂಪದಲ್ಲಿ. ಗದಗಿನ ಬಳಿಯ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಿದ್ದನಗೌಡ ಪಾಟೀಲರು ಸ್ಥಾಪಿಸಿದ ಸಂಘವು ಪ್ರಸಿದ್ಧವಾಗಿದೆ. ಮೊಟ್ಟೆಯ ಪ್ರಶ್ನೆಯನ್ನು ಇಲ್ಲಿ ಮೊದಲು ಎತ್ತಿಕೊಂಡುದು ಸರಕಾರ. ೧೯೩೭ರ ಕೃಷಿ ಉತ್ಪನ್ನಗಳ ವರ್ಗೀಕರಣದ ಕಾನೂನಿನ ಮೇರೆಗೆ ಮೊಟ್ಟೆಗಳನ್ನು ತೂಕದಿಂದ ವಿಂಗಡಿಸಿ ‘ಆಗ್‌ಮಾರ್ಕ್’ ಮುದ್ರೆಯನ್ನು ಒತ್ತುವ ಏರ್ಪಾಡಾಯಿತು. ಹಳ್ಳಿಯ ಹಿತ್ತಲಿನವರೆಗೆ ಆ ಮುದ್ರೆಯು ಬರಲಿಲ್ಲ. ಬೆಲೆಯನ್ನು ಪಟ್ಟಣದ ವರ್ತಕರೇ ನಿರ್ಣಯಿಸುತ್ತಿದ್ದ ಕಷ್ಟವನ್ನು ನೀಗಲು ದೊಡ್ಡ ಸಾಕಣೆಗಾರರು ಬಿ. ವಿ. ರಾವ್ ಅವರ ನೇತೃತ್ವದಲ್ಲಿ ೧೯೮೨ರಲ್ಲಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯನ್ನು ಕಟ್ಟಿಕೊಂಡರು. ಬೆಂಗಳೂರು, ಮೈಸೂರು, ಹೊಸಪೇಟೆಗಳ ಧಾರಣೆಯನ್ನು ಈಗ ದಿನವೂ ಆ ಸಮಿತಿಯೇ ಪ್ರಕಟಿಸುತ್ತದೆ. ಆದರೆ ಆ ಧಾರಣೆಯು ನೂರಕ್ಕೆ ಇಷ್ಟೆಂದು ಎಣಿಕೆಯ ಧಾರಣೆಯೇ ಹೊರತು ತೂಕದ್ದಲ್ಲ. ಹಿತ್ತಲಿನ ನಾಟಿಕೋಳಿಯ ಮೊಟ್ಟೆಯು ಗಾತ್ರದಲ್ಲಿ ಸಣ್ಣದಾದರೂ ಬೆಲೆಯಲ್ಲಿ ಫಾರಮ್ಮಿನ ಮೊಟ್ಟೆಯನ್ನು ಮೀರುವುದು. ತಕ್ಕಡಿಯ ನ್ಯಾಯವು ಇಲ್ಲಿ ನಡೆಯದು. ಕೊಳ್ಳುವವರು ರುಚಿಗೂ ನಂಬಿಕೆಗೂ ಹಣ ಕೊಡುತ್ತಾರೆ. ಕಂದುಬಣ್ಣದ ಫಾರಮ್ಮಿನ ಮೊಟ್ಟೆಯನ್ನೇ ನಾಟಿಯೆಂದು ಮಾರುವ ಜಾಣರು ಆ ನಂಬಿಕೆಯನ್ನು ತಿನ್ನುತ್ತಿರುವಾಗ, ನಿಜವಾಗಿ ನಾಟಿಕೋಳಿಯನ್ನು ಸಾಕಿದ ಹೆಂಗಸಿಗೆ ತನ್ನ ಮೊಟ್ಟೆಯು ತನ್ನದೇ ಎಂದು ತೋರಿಸಿಕೊಡುವ ಗುರುತು ಯಾವುದೂ ಇಲ್ಲ.

ಯೂರೋಪಿನ ಒಕ್ಕೂಟದ ದೇಶಗಳಲ್ಲಿ ೨೦೦೪ರಿಂದ ಪೇಟೆಯ ಮೊಟ್ಟೆಗಳ ಮೇಲೆ ಗುರುತು ಕಡ್ಡಾಯವಾಗಿದೆ. ಮೊದಲನೆಯ ಅಂಕೆಯು ಕೋಳಿಯನ್ನು ಪಂಜರದಲ್ಲಿ ಸಾಕಿದರೋ ಬಯಲಿನಲ್ಲಿ ಬಿಟ್ಟರೋ ಎಂಬುದನ್ನು ತಿಳಿಸುತ್ತದೆ. ಅದರ ಮುಂದೆ ದೇಶದ ಎರಡು ಅಕ್ಷರಗಳು. ಅವುಗಳ ಮುಂದೆ, ಡೇನರ ಹಳೆಯ ಮಂಡಲದ ಮುದ್ರೆಯಲ್ಲಿದ್ದಂತೆಯೇ, ಸಾಕಿದವರ ಅಂಕೆ.